ಕ್ಲೈಂಬ್‌ನಲ್ಲಿ ಇಂಜಿನ್ ಕಾದ್ರೆ ಥ್ರಾಟಲ್ ಎಳೀಬೇಡ್ರಿ, ಮೂಗು ಇಳಿಸ್ರಿ

ಶಿವರಾತ್ರಿ ಕಳೀತು ಅಂದ್ರೆ ನನಗೆ ಬರೋ ಫೋನ್ ಎಲ್ಲಾ ಒಂದೇ ಥರ. "ಸರ್, ಇಂಜಿನ್ ಹೀಟ್ ಆಗ್ತಾ ಐತೆ, ಆಯಿಲ್ ಕೂಲರ್ ಚೇಂಜ್ ಮಾಡಿಸ್ಬೇಕಾ?" ಏನಾಯ್ತು ಹೇಳ್ರಿ ಅಂದ್ರೆ ಕಥೆನೂ ಒಂದೇ: ಟೇಕಾಫ್ ಆಯ್ತು, ಕ್ಲೈಂಬ್‌ನಲ್ಲಿ, ಅಂದ್ರೆ ಮೇಲೆ ಹತ್ತೋವಾಗ, ಸಿಲಿಂಡರ್ ಹೆಡ್ ಟೆಂಪರೇಚರ್ ಮುಳ್ಳು ಏರ್ತಾ ಹೋಯ್ತು, ಭಯ ಆಗಿ ಥ್ರಾಟಲ್ ಒಂಚೂರು ಹಿಂದಕ್ಕೆ ಎಳೆದ್ವಿ, ಆದ್ರೂ ಇಳಿಲಿಲ್ಲ ಸರ್, ಇನ್ನೂ ಏರ್ತು. ಏರದೆ ಏನ್ ಮಾಡತ್ತೆ?

ನಾನು ಪಿಸ್ಟನ್ ಇಂಜಿನ್ ಕೆಲಸದವನು, ಬಳ್ಳಾರಿಯವನು. ತೋರಣಗಲ್ಲಿಗೋ ಗಿಣಿಗೇರಾಕ್ಕೋ ಸಣ್ಣ ವಿಮಾನ ಬಂದು ಏನಾದ್ರೂ ತಕರಾರು ಮಾಡಿದ್ರೆ ಒಮ್ಮೊಮ್ಮೆ ನನ್ನನ್ನ ಕರೀತಾರೆ. ಕೌಲಿಂಗ್, ಅಂದ್ರೆ ಇಂಜಿನ್ ಮೇಲಿನ ಹೊದಿಕೆ, ಬಿಚ್ಚಿ ನೋಡಿದ್ರೆ ಎಷ್ಟೋ ಸಲ ಇಂಜಿನ್‌ನಲ್ಲಿ ಏನೂ ಇರಲ್ಲ. ಹಾರಿಸೋ ರೀತಿಯಲ್ಲೇ ಇರತ್ತೆ, ಅದನ್ನ ಹೇಳಿದ್ರೆ ಪೈಲಟ್‌ಗಳ ಮುಖ ಸಣ್ಣದಾಗತ್ತೆ.

ಮೊದಲು ನಮ್ಮೂರಿನ ಲೆಕ್ಕ. ಬಳ್ಳಾರಿ ಸಮುದ್ರ ಮಟ್ಟದಿಂದ ಸುಮಾರು 1,600 ಅಡಿ ಮೇಲಿದೆ. ಆ ಎತ್ತರಕ್ಕೆ ಸ್ಟ್ಯಾಂಡರ್ಡ್ ಟೆಂಪರೇಚರ್ ಸುಮಾರು 12 ಡಿಗ್ರಿ, ನಮ್ಮಲ್ಲಿ ಏಪ್ರಿಲ್ ಮಧ್ಯಾಹ್ನ 40 ಅನ್ನೋದು ಮಾಮೂಲು. ಅಂದ್ರೆ 28 ಡಿಗ್ರಿ ಜಾಸ್ತಿ, ಡಿಗ್ರಿಗೆ 120 ಅಡಿ ಹಿಡಿದ್ರೆ ಡೆನ್ಸಿಟಿ ಆಲ್ಟಿಟ್ಯೂಡ್, ಅಂದ್ರೆ ಗಾಳಿ ಎಷ್ಟು ಎತ್ತರದಲ್ಲಿರೋ ಅಷ್ಟು ತೆಳು ಅನ್ನೋ ಲೆಕ್ಕ, ಹತ್ರ ಹತ್ರ 5,000 ಅಡಿ. ನೆಲದ ಮೇಲೆ ನಿಂತಾಗಲೇ ಇಷ್ಟು. ಗಾಳಿ ತೆಳು, ಗಾಳಿನೇ ಬಿಸಿ, ಕ್ಲೈಂಬ್ ನಿಧಾನ, ಹಾಗಾಗಿ ಫುಲ್ ಪವರ್‌ನಲ್ಲಿ ಕಳೆಯೋ ಹೊತ್ತೂ ಜಾಸ್ತಿ.

ಈಗ ಥ್ರಾಟಲ್ ವಿಷಯಕ್ಕೆ ಬರ್ತೀನಿ, ಇದನ್ನ ನಾನು ಎಷ್ಟು ಜನಕ್ಕೆ ಎಷ್ಟು ಸಲ ಹೇಳಿದೀನಿ ದೇವರಿಗೇ ಗೊತ್ತು. ಕಾರ್ಬ್ಯುರೇಟರ್ ಇರೋ ತುಂಬಾ ಇಂಜಿನ್‌ಗಳಲ್ಲಿ ಎಕನಾಮೈಸರ್ ಅಂತ ಒಂದು ವ್ಯವಸ್ಥೆ ಇರತ್ತೆ. ಹೆಸರು ಕೇಳಿ ಪೆಟ್ರೋಲ್ ಉಳಿಸತ್ತೆ ಅಂದ್ಕೋಬೇಡಿ, ಥ್ರಾಟಲ್ ಪೂರ್ತಿ ಮುಂದಕ್ಕೆ ಹೋದಾಗ ಅದು ತೆರೆದು ಹೆಚ್ಚಿಗೆ ಪೆಟ್ರೋಲ್ ಬಿಡತ್ತೆ. ಆ ಹೆಚ್ಚಿಗೆ ಪೆಟ್ರೋಲ್ ಪವರ್‌ಗೆ ಅಲ್ಲ, ಇಂಜಿನ್ ತಣ್ಣಗಿಡೋಕೆ. ಸುಡೋಕೆ ಬೇಕಾದ್ದಕ್ಕಿಂತ ಜಾಸ್ತಿ ಪೆಟ್ರೋಲ್ ಹೋದಾಗ ಅದು ಆವಿಯಾಗ್ತಾ ಶಾಖ ಎಳ್ಕೊಳ್ಳತ್ತೆ, ಮಿಶ್ರಣ ಉರಿಯೋದೂ ನಿಧಾನ ಆಗತ್ತೆ, ಸಿಲಿಂಡರ್ ಒಳಗಿನ ಒತ್ತಡ ಅಷ್ಟು ಜೋರಾಗಿ ಏರಲ್ಲ. ನೀವು ಥ್ರಾಟಲ್ ಒಂಚೂರು ಹಿಂದಕ್ಕೆ ಎಳೆದ್ರಿ ಅಂದ್ರೆ ಆ ಬಾಗಿಲು ಮುಚ್ಚತ್ತೆ. ಪವರ್ ಕಡಿಮೆ ಆಗೋದು ಚೂರು, ಗಾಳಿ-ಪೆಟ್ರೋಲ್ ಮಿಕ್ಸ್ಚರ್ ಮಾತ್ರ ಲೀನ್ (ಪೆಟ್ರೋಲ್ ಕಮ್ಮಿ) ಕಡೆಗೆ ಜಾರತ್ತೆ, ಎಕ್ಸಾಸ್ಟ್ ಟೆಂಪರೇಚರ್ ಅತಿ ಹೆಚ್ಚಿರೋ ಪೀಕ್‌ಗಿಂತ ಸ್ವಲ್ಪ ರಿಚ್ (ಪೆಟ್ರೋಲ್ ಜಾಸ್ತಿ) ಇರೋ ಕಡೆಗೆ, ಸಿಲಿಂಡರ್ ಹೆಡ್ ಅತಿ ಹೆಚ್ಚು ಕಾಯೋ ಜಾಗನೂ ಅಲ್ಲೇ ಇರೋದು. ಕ್ಲೈಂಬ್ ರೇಟೂ ಇನ್ನಷ್ಟು ಬಿತ್ತು, ಸ್ಪೀಡ್ ಹಾಗೇ ಇದೆ, ಅದೇ ಬಿಸಿ ಗಾಳಿಯಲ್ಲಿ ಇನ್ನೂ ಎರಡು ನಿಮಿಷ ಜಾಸ್ತಿ ಒದ್ದಾಡ್ಬೇಕು. ಆಮೇಲೆ "ಪವರ್ ಕಮ್ಮಿ ಮಾಡಿದ್ವಿ, ಆದ್ರೂ ಕಾದಿದೆ, ಇಂಜಿನ್ನೇ ಸರಿ ಇಲ್ಲ" ಅಂತ ನನಗೆ ಫೋನ್.

ಕೆಲವರು ಇದಕ್ಕಿಂತ ಒಂದು ಹೆಜ್ಜೆ ಮುಂದೆ ಹೋಗಿ, ಡೆನ್ಸಿಟಿ ಆಲ್ಟಿಟ್ಯೂಡ್ 5,000 ಇದೆ ಅಲ್ವಾ ಅಂತ ಟೇಕಾಫ್ ಆದ ಕೂಡ್ಲೇ ಮಿಕ್ಸ್ಚರ್ ನಾಬ್‌ಗೂ ಕೈ ಹಾಕ್ತಾರೆ. ಎತ್ತರ ಹೋದಂತೆ ಮಿಕ್ಸ್ಚರ್ ತಾನೇ ರಿಚ್ ಆಗ್ತಾ ಹೋಗತ್ತೆ, ಲೀನ್ ಮಾಡ್ಬೇಕಾಗತ್ತೆ, ಅದನ್ನ ನಾನು ಅಲ್ಲ ಅನ್ನಲ್ಲ. ಯಾವಾಗ, ಎಷ್ಟು ಅನ್ನೋದು ನಿಮ್ಮ ವಿಮಾನದ ಹ್ಯಾಂಡ್‌ಬುಕ್‌ನಲ್ಲಿದೆ, ಅದನ್ನೇ ನೋಡಿ, ನನ್ನ ಮಾತು ಹ್ಯಾಂಡ್‌ಬುಕ್‌ಗಿಂತ ದೊಡ್ಡದಲ್ಲ. ಕಾಯ್ತಾ ಇರೋ ಇಂಜಿನ್‌ನ ಫುಲ್ ಪವರ್‌ನಲ್ಲಿ ಲೀನ್ ಮಾಡ್ಬೇಡಿ, ಅಷ್ಟೇ ನಾನು ಹೇಳೋದು.

ಹಂಗಾದ್ರೆ ಏನ್ ಮಾಡ್ಬೇಕು? ಮೂಗು ಇಳಿಸ್ಬೇಕು. ಇದು ಯಾಕೆ ಕೆಲಸ ಮಾಡತ್ತೆ ಅಂತ ಗೊತ್ತಾಗ್ಬೇಕಂದ್ರೆ ಕೌಲಿಂಗ್ ಒಳಗೆ ಗಾಳಿ ಹೆಂಗೆ ಹೋಗತ್ತೆ ಅಂತ ಗೊತ್ತಿರ್ಬೇಕು. ಗಾಳಿ ಮುಂದಿನಿಂದ ಬಂದು ಸೀದಾ ಹಿಂದಕ್ಕೆ ಹೋಗತ್ತೆ ಅಂತ ಹತ್ತರಲ್ಲಿ ಎಂಟು ಜನ ತಿಳ್ಕೊಂಡಿರ್ತಾರೆ. ಹಾಗಲ್ಲ. ಪ್ರೊಪೆಲ್ಲರ್ ಹಿಂದಿನ ಎರಡು ಕಿಂಡಿಯಿಂದ ಒಳಗೆ ಬಂದ ಗಾಳಿ ಇಂಜಿನ್ ಮೇಲ್ಭಾಗದಲ್ಲಿ ತಡೆದು ಒತ್ತಡ ಕಟ್ಟತ್ತೆ, ಅಲ್ಲಿಂದ ಸಿಲಿಂಡರ್ ಫಿನ್‌ಗಳ (ಶಾಖ ಬಿಡೋ ತೆಳು ಪಟ್ಟಿಗಳ) ಸಂದಿಯಲ್ಲಿ ಕೆಳಗೆ ಇಳಿದು ಕೌಲಿಂಗ್ ಅಡಿಯಿಂದ ಹೊರಗೆ ಹೋಗತ್ತೆ. ಮೇಲಿನ ಒತ್ತಡ ಜಾಸ್ತಿ, ಕೆಳಗಿನದು ಕಮ್ಮಿ, ಆ ವ್ಯತ್ಯಾಸವೇ ಕೂಲಿಂಗ್. ಈ ಒತ್ತಡ ಸ್ಪೀಡಿನ ವರ್ಗಕ್ಕೆ (ಸ್ಪೀಡನ್ನ ಸ್ಪೀಡಿಂದಲೇ ಗುಣಿಸಿದ್ದಕ್ಕೆ) ತಕ್ಕಂತೆ ಏರತ್ತೆ. ಸೆಸ್ನಾ 172ಎಸ್ ತಗೊಳ್ಳಿ, ಅದರಲ್ಲಿ ಅತಿ ಬೇಗ ಎತ್ತರ ಕೊಡೋ ಸ್ಪೀಡು 74 ನಾಟ್, ಎನ್‌ರೂಟ್ ಕ್ಲೈಂಬ್‌ಗೆ ಹ್ಯಾಂಡ್‌ಬುಕ್ ಕೊಡೋದು 75ರಿಂದ 85. 74 ಬಿಟ್ಟು 85ಕ್ಕೆ ಬಂದ್ರೆ ಬರೀ 11 ನಾಟ್ ಜಾಸ್ತಿ, ಕೂಲಿಂಗ್ ಒತ್ತಡ ಮಾತ್ರ 30 ಪರ್ಸೆಂಟ್‌ಗೂ ಮೇಲೆ ಜಾಸ್ತಿ. ಕ್ಲೈಂಬ್ ರೇಟ್ ಸ್ವಲ್ಪ ಹೋಗತ್ತೆ, ಹೋಗ್ಲಿ ಬಿಡ್ರಿ. ಬುಲೆಟ್ ಬೈಕಿಗೆ ಮೇ ತಿಂಗಳಲ್ಲಿ ರಾಯಲ್ ಸರ್ಕಲ್ ಸಿಗ್ನಲ್‌ನಲ್ಲಿ ನಿಂತಾಗ ಆಗೋ ಪಾಡೇ ಇಂಜಿನ್‌ಗೆ ಮೂಗೆತ್ತಿದ ನಿಧಾನ ಕ್ಲೈಂಬ್‌ನಲ್ಲಿ ಆಗೋದು.

ಸಿಂಧನೂರು ಕಡೆ ಹುಡುಗ ಒಬ್ಬ, ಅಪ್ಪಂದು ಭತ್ತದ ಗದ್ದೆ, ಟ್ರೈನಿಂಗ್ ವಿಮಾನದಲ್ಲಿ ಇನ್‌ಸ್ಟ್ರಕ್ಟರ್ ಜೊತೆ ಬಂದಿದ್ದ. ಇದೇ ಕಂಪ್ಲೇಂಟ್. ಇನ್‌ಸ್ಟ್ರಕ್ಟರ್ ಫೋನ್‌ನಲ್ಲಿ ಯಾರ ಜೊತೆಗೋ ಕಿರುಚಾಡ್ತಾ ಆ ಕಡೆ ಹೋದ್ರು, ಹುಡುಗ ನನ್ನ ಪಕ್ಕ ನಿಂತು ಫಿನ್‌ಗಳನ್ನೇ ನೋಡ್ತಿದ್ದ. ಯಾವ ಸ್ಪೀಡ್‌ನಲ್ಲಿ ಹತ್ತಿಸ್ದೆಪಾ ಅಂದೆ. 74 ಸರ್, ಕೊನೆವರೆಗೂ. ಯಾಕೆ? "ಬೇಗ ಮೇಲೆ ಹೋದ್ರೆ ಬೇಗ ತಣ್ಣನೆ ಗಾಳಿ ಸಿಗತ್ತಲ್ವಾ ಸರ್?" ಅಂದ. ಅವನ ಮೇಲೆ ಸಿಟ್ಟು ಬರಲಿಲ್ಲ, ತಲೆ ಓಡಿಸಿದಾನೆ ಅಂತ ಖುಷಿನೇ ಆಯ್ತು. ಮಂಡಾಳ ಒಗ್ಗರಣೆ, ಮಿರ್ಚಿ ತರಿಸಿ ಕೂತ್ಕೊಂಡು ಲೆಕ್ಕ ಹಾಕಿಸ್ದೆ. ಸಾವಿರ ಅಡಿಗೆ ಗಾಳಿ ತಣ್ಣಗಾಗೋದು ಎರಡು ಮೂರು ಡಿಗ್ರಿ. ನಿಮಿಷಕ್ಕೆ 500 ಅಡಿ ಹತ್ತಿದ್ರೆ ಎರಡು ನಿಮಿಷಕ್ಕೆ ಸಿಗೋ ಲಾಭ ಅಷ್ಟೇ. ಅದೇ ಎರಡು ನಿಮಿಷದಲ್ಲಿ ಸಿಲಿಂಡರ್ ಹೆಡ್ ಎಷ್ಟು ಏರ್ತು ನೀನೇ ಹೇಳು ಅಂದೆ. ಹುಡುಗ ನಕ್ಕ. ಇನ್‌ಸ್ಟ್ರಕ್ಟರ್‌ಗೆ ಹೇಳೋಕೆ ಹೋಗಿದ್ರೆ ಜಗಳ ಆಗ್ತಿತ್ತು, ಹೇಳ್ಲಿಲ್ಲ.

ಒಂದು ಎಚ್ಚರಿಕೆ. ಮೂಗು ಇಳಿಸ್ರಿ ಅಂದೆ ಅಂತ ರನ್‌ವೇ ಬಿಟ್ಟ ಕೂಡ್ಲೇ ಇಳಿಸ್ಬೇಡಿ, ಮುಂದೆ ಗುಡ್ಡನೋ ಲೈನ್ ಕಂಬನೋ ಇದ್ದಾಗ ಇಂಜಿನ್ ಟೆಂಪರೇಚರ್ ಎರಡನೇ ಮಾತು. ಸೇಫ್ ಎತ್ತರ ಬರೋತನಕ ಹ್ಯಾಂಡ್‌ಬುಕ್ ಸ್ಪೀಡೇ ಇರ್ಲಿ, ಅಡ್ಡ ಏನೂ ಇಲ್ಲ ಅಂತಾದ್ಮೇಲೆ ಇಳಿಸಿ. ಅದಕ್ಕೂ ಬಗ್ಗದಿದ್ರೆ ಲೆವೆಲ್ ಆಗಿ, ಸ್ಪೀಡ್ ಬರ್ಲಿ, ಆಮೇಲೆ ಪವರ್ ಇಳಿಸೋದಾದ್ರೆ ಕ್ರೂಸ್ ಪವರ್‌ಗೇ (ಹತ್ತದೆ ಒಂದೇ ಮಟ್ಟದಲ್ಲಿ ಹಾರೋ ಪವರ್‌ಗೆ) ಪೂರ್ತಿ ಇಳಿಸಿ, ತಣ್ಣಗಾದ್ಮೇಲೆ ಮತ್ತೆ ಹತ್ತಿ. ಕೌಲ್ ಫ್ಲಾಪ್, ಅಂದ್ರೆ ಕೌಲಿಂಗ್‌ನಿಂದ ಬಿಸಿ ಗಾಳಿ ಹೊರಗೆ ಬಿಡೋ ಬಾಗಿಲು, ಇರೋ ವಿಮಾನ ಆದ್ರೆ ಅದು ತೆರೆದಿದೆಯಾ ನೋಡಿ, ಮರ್ತವರನ್ನ ಕಂಡಿದೀನಿ.

ಇನ್ನೊಂದು, ಆಯಿಲ್ ಟೆಂಪರೇಚರ್ ಹಸಿರಲ್ಲಿದೆ ಅಂತ ಸುಮ್ನೆ ಕೂರ್ಬೇಡಿ. ಆಯಿಲ್ ಸೋಮಾರಿ, ಸಿಲಿಂಡರ್ ಹೆಡ್ ಕಾದು ಎಷ್ಟೋ ಹೊತ್ತಾದ್ಮೇಲೆ ಅದರ ಮುಳ್ಳು ಏಳತ್ತೆ. ಲೈಕಮಿಂಗ್‌ನ ತುಂಬಾ ಮಾಡೆಲ್‌ಗಳಲ್ಲಿ ಸಿಲಿಂಡರ್ ಹೆಡ್‌ಗೆ ಕೆಂಪು ಗೆರೆ 500 ಡಿಗ್ರಿ ಫ್ಯಾರನ್‌ಹೀಟ್, ಅಂದ್ರೆ 260 ಸೆಲ್ಸಿಯಸ್. ಕೆಂಪು ಗೆರೆ ಮುಟ್ಟಿಲ್ಲ ಅಂದ್ರೆ ಸರಿ ಇದೆ ಅಂತ ಅಲ್ಲ. ಹೆಡ್ ಅಲ್ಯೂಮಿನಿಯಂದು, ಬಿಸಿ ಏರಿದಂಗೆ ಅದರ ಬಲ ಕುಸೀತಾ ಹೋಗತ್ತೆ. ಇಂಜಿನ್ ಬಾಳಿಕೆ ಬರ್ಬೇಕಂದ್ರೆ 435 ದಾಟಿಸ್ಬೇಡಿ, ಕ್ರೂಸ್‌ನಲ್ಲಿ 400ರ ಕೆಳಗಿದ್ರೆ ಒಳ್ಳೇದು. ಹಳೇ ವಿಮಾನದಲ್ಲಿ ಮೀಟರ್ ಇದ್ರೂ ಒಂದೇ ಸಿಲಿಂಡರ್‌ದು ತೋರಿಸತ್ತೆ, ಉಳಿದ ಮೂರರ ಕಥೆ ಅದಕ್ಕೆ ಗೊತ್ತಿರಲ್ಲ.

ಎಲ್ಲಾ ತಪ್ಪೂ ಪೈಲಟ್‌ದೇ ಅಂತ ನಾನು ಹೇಳ್ತಿಲ್ಲ ಮತ್ತೆ. ಬ್ಯಾಫಲ್ (ಗಾಳಿನ ಸಿಲಿಂಡರ್ ಕಡೆ ತಿರುಗಿಸೋ ತಗಡು) ಅಂಚಿನ ರಬ್ಬರ್ ಸೀಲ್ ಗಟ್ಟಿಯಾಗಿ ಹಿಂದಕ್ಕೆ ಮಡಚಿಕೊಂಡಿದ್ರೆ ಮೇಲಿನ ಗಾಳಿ ಫಿನ್ ಕಡೆ ಹೋಗದೆ ಸಂದಿಯಿಂದ ಸೋರಿ ಹೋಗತ್ತೆ, ಆಗ ನೀವು 90ರಲ್ಲಿ ಹೋದ್ರೂ ಪ್ರಯೋಜನ ಕಮ್ಮಿ. ಕೌಲಿಂಗ್ ಒಳಮೈ ನೋಡಿ, ಸೀಲ್ ಉಜ್ಜಿದ ಕಪ್ಪು ಗೆರೆ ಎಲ್ಲಿ ಕಾಣಲ್ವೋ ಅಲ್ಲಿ ಅದು ಮುಟ್ತಾ ಇಲ್ಲ. ಸಂಡೂರು, ತೋರಣಗಲ್ಲು ಕಡೆ ಓಡಾಡೋ ವಿಮಾನಗಳಿಗೆ ಅದಿರಿನ ಕೆಂಪು ಧೂಳು ಬೇರೆ, ಎಲ್ಲಾದ್ರೂ ಚೂರು ಆಯಿಲ್ ಜಿನುಗ್ತಾ ಇದ್ರೆ ಧೂಳು ಅದಕ್ಕೆ ಅಂಟಿ ಆಯಿಲ್ ಕೂಲರ್ ಫಿನ್ ಮೇಲೆ ಹೆಕ್ಕಳೆ ಕಟ್ಟತ್ತೆ. ಅದನ್ನ ತೊಳೆದ್ರೆ ಸಾಕು, ಹೊಸ ಕೂಲರ್ ಬೇಕಿಲ್ಲ. ಎರಡು ವಾರ ನಿಂತ ವಿಮಾನ ಆದ್ರೆ ಕಿಂಡಿಯೊಳಗೆ ಟಾರ್ಚ್ ಬಿಟ್ಟು ನೋಡಿ, ಗೊರವಂಕಕ್ಕೆ ಆ ಜಾಗ ಭಾಳ ಇಷ್ಟ. ಇನ್ನು ಕೌಲಿಂಗ್ ಬಿಚ್ಚಿಟ್ಟು "ಗಾಳಿ ಚೆನ್ನಾಗಿ ಆಡ್ಲಿ" ಅಂತ ಇಂಜಿನ್ ಓಡಿಸೋ ಮಹಾನುಭಾವರು, ದಯವಿಟ್ಟು ನಿಲ್ಸಿ, ಮೇಲೆ ಒತ್ತಡನೇ ಕಟ್ಟಲ್ಲ ಆಗ.

ಇಷ್ಟೆಲ್ಲಾ ಆದ್ಮೇಲೂ ಕಾಯ್ತಿದ್ರೆ ಧಾರಾಳವಾಗಿ ಫೋನ್ ಮಾಡಿ. ಮಾಡೋ ಮುಂಚೆ ಒಂದು ಚೀಟಿಯಲ್ಲಿ ಹೊರಗಿನ ಟೆಂಪರೇಚರ್, ಕ್ಲೈಂಬ್ ಸ್ಪೀಡು, ಥ್ರಾಟಲ್ ಎಲ್ಲಿತ್ತು, ನಿಮಿಷ ನಿಮಿಷಕ್ಕೆ ಸಿಲಿಂಡರ್ ಹೆಡ್ ಎಷ್ಟಿತ್ತು ಅಂತ ಬರ್ಕೊಳ್ಳಿ, ಬರೆಯೋ ಕೆಲಸ ಪಕ್ಕದ ಸೀಟಿನವರಿಗೆ ಕೊಡಿ. ಚೀಟಿ ಇಲ್ದೆ ಬಂದವರಿಗೆ ನಾನು ಕೌಲಿಂಗ್ ಸ್ಕ್ರೂ ಮುಟ್ಟಲ್ಲ.