ಕುದುರೆಯ ಸೀರಮ್ಮು, ನಾಗರದ ನಕಲು

ಪುಣೆಯ ಕನ್ನಡಿಗರು ನಾಲ್ಕು ಜನ ಸೇರಿ ಸಿಂಹಗಡಕ್ಕೋ ಶಿವನೇರಿಗೋ ಹೊರಟರೆ ಮಾತು ಒಂದಲ್ಲ ಒಂದು ಹೊತ್ತಿಗೆ ಹೆಜ್ಜೇನಿಗೆ ಬರುತ್ತದೆ. ಸಹ್ಯಾದ್ರಿಯ ಕಡಿದಾದ ಬಂಡೆಗಳ ಅಡಿಯಲ್ಲಿ ಅವು ತಟ್ಟಿ ಕಟ್ಟುತ್ತವೆ. ಯಾರಾದರೂ ಹೊಗೆ ಎಬ್ಬಿಸಿದರೋ ಕಲ್ಲು ಹೊಡೆದರೋ, ಮುಗಿಯಿತು. ಆಮೇಲೆ ಕೇಳಿಬರುವ ಕಥೆಗಳಲ್ಲಿ ಒಂದು ವಿಚಿತ್ರ ಇರುತ್ತದೆ. ಇಪ್ಪತ್ತು ಮೂವತ್ತು ಕಡೆ ಕಚ್ಚಿಸಿಕೊಂಡವನು ಮುಖ ಊದಿಸಿಕೊಂಡು ಎರಡು ದಿನ ನರಳಿ ಕೆಲಸಕ್ಕೆ ಹೋಗಿರುತ್ತಾನೆ. ಒಂದೇ ಒಂದು ಹುಳ ಕಚ್ಚಿದವಳು ಹತ್ತು ನಿಮಿಷದಲ್ಲಿ ಮೈತುಂಬ ದದ್ದು ಎದ್ದು, ಉಸಿರು ಕಟ್ಟಿ, ಬಿಪಿ ಇಳಿದು ಕುಸಿದಿರುತ್ತಾಳೆ. ‘ಅವಳಿಗೆ ಅಲರ್ಜಿ ಇತ್ತಂತೆ’ ಎಂದು ನಾವು ಮುಂದಿನ ವಿಷಯಕ್ಕೆ ಹೋಗುತ್ತೇವೆ.

ಜೇನಿನ ಮಟ್ಟಿಗೆ ಆ ಉತ್ತರ ಬಹುಪಾಲು ಸರಿ. ಹಾವಿನ ಕಡಿತಕ್ಕೆ ಕೊಡುವ ಔಷಧದ ವಿಷಯಕ್ಕೆ ಬಂದರೆ ಅದೇ ಉತ್ತರ ದಾರಿ ತಪ್ಪಿಸುತ್ತದೆ. ಮೇಲ್ನೋಟಕ್ಕೆ ಎರಡೂ ಕಡೆ ಒಂದೇ ಚಿತ್ರ: ದದ್ದು, ನಡುಕ, ವಾಂತಿ, ಉಬ್ಬಸ, ಇಳಿಯುವ ಬಿಪಿ. ಆದರೆ ದೇಹ ಅಲ್ಲಿಗೆ ತಲುಪಿದ ದಾರಿ ಬೇರೆ. ಆ ಎರಡನೇ ದಾರಿಯ ಪರಿಚಯ ನಮ್ಮಲ್ಲಿ ಕಡಿಮೆ.

ಮೊದಲು ಪರಿಚಿತ ದಾರಿ. ಜೇನುಹುಳದ ಕೊಂಡಿಗೆ ಹಿಮ್ಮುಖದ ಮುಳ್ಳುಗಳಿರುವುದರಿಂದ ಅದು ಚರ್ಮದಲ್ಲೇ ಉಳಿಯುತ್ತದೆ, ಜೊತೆಗೆ ವಿಷದ ಚೀಲವೂ. ಹುಳ ಹಾರಿಹೋದ ಮೇಲೂ ಚೀಲದ ಸ್ನಾಯುಗಳು ವಿಷವನ್ನು ಒತ್ತುತ್ತಲೇ ಇರುತ್ತವೆ. ಮೊದಲ 20 ಸೆಕೆಂಡಿನಲ್ಲೇ ಶೇ 90ರಷ್ಟು ವಿಷ ಒಳಗೆ ಹೋಗಿಬಿಡುತ್ತದೆ. ಕೊಂಡಿಯನ್ನು ಉಗುರಿನಿಂದ ಕೆರೆಯಬೇಕೋ ಚಿಮುಟದಿಂದ ಕೀಳಬೇಕೋ ಎಂಬ ಚರ್ಚೆ ಮುಗಿಯುವಷ್ಟರಲ್ಲಿ ಅದರ ಕೆಲಸವೂ ಮುಗಿದಿರುತ್ತದೆ, ಹಾಗಾಗಿ ಕೈಗೆ ಸಿಕ್ಕಿದ್ದರಿಂದ ಕಿತ್ತರೆ ಸಾಕು. ಒಣಗಿಸಿದ ಜೇನುವಿಷದ ತೂಕದಲ್ಲಿ ಸುಮಾರು ಅರ್ಧ ಭಾಗ ಮೆಲಿಟಿನ್ ಎಂಬ ಚಿಕ್ಕ ಪೆಪ್ಟೈಡು. ಉರಿ, ನೋವು ಹೆಚ್ಚಾಗಿ ಅದರದ್ದೇ. ಅಲರ್ಜಿಯ ಮುಖ್ಯ ಗುರಿ ಮಾತ್ರ ಫಾಸ್ಫೋಲೈಪೇಸ್ ಎ2 ಎಂಬ ಕಿಣ್ವ. ಹಿಂದೆಂದೋ ಕಚ್ಚಿದಾಗ ಕೆಲವರ ದೇಹ ಈ ಕಿಣ್ವದ ವಿರುದ್ಧ ಐಜಿಇ ಎಂಬ ಪ್ರತಿಕಾಯ ತಯಾರಿಸಿಕೊಂಡಿರುತ್ತದೆ. ಅದು ಮಾಸ್ಟ್ ಕೋಶಗಳೆಂಬ ರಕ್ಷಣಾ ಕೋಶಗಳ ಮೇಲೆ ಅಂಟಿ ಕೂತಿರುತ್ತದೆ. ಮುಂದಿನ ಸಲ ಅದೇ ಕಿಣ್ವ ಬಂದು ತಗುಲಿದರೆ ಕೋಶಗಳು ದದ್ದು, ಊತ ತರುವ ಹಿಸ್ಟಮಿನ್ ಸುರಿಸುತ್ತವೆ. ಐಜಿಇ ಪತ್ತೆಯಾದದ್ದು 1960ರ ದಶಕದಲ್ಲಿ, ಜಪಾನಿನ ಇಶಿಜಾಕಾ ದಂಪತಿಯಿಂದ ಮತ್ತು ಬೇರೆಯಾಗಿ ಸ್ವೀಡನ್ನಿನಲ್ಲಿ. ಘಟನೆ ಕಣ್ಣಿಗೆ ಬಿದ್ದದ್ದು ಅದಕ್ಕಿಂತ ಎಷ್ಟೋ ಮೊದಲು. ಮಳೆಗಾಲದಲ್ಲಿ ಮುಂಬೈನ ಜುಹು ದಂಡೆಗೆ ಬಂದು ಬೀಳುವ ನೀಲಿ ಬಲೂನಿನಂಥ ಫೈಸೇಲಿಯಾ ಜೀವಿಯ ವಿಷವನ್ನು 1901ರಲ್ಲಿ ಮೊನಾಕೊ ರಾಜಕುಮಾರನ ಹಡಗಿನಲ್ಲಿ ಅಧ್ಯಯನ ಮಾಡಲು ಹೊರಟ ಶಾರ್ಲ್ ರಿಶೆ ಮತ್ತು ಪಾಲ್ ಪೋರ್ಟಿಯೆ, ಊರಿಗೆ ಮರಳಿ ಅದೇ ಬಗೆಯ ವಿಷವನ್ನು ನಾಯಿಗಳಿಗೆ ಕೊಟ್ಟು ನೋಡಿದರು. ಮೊದಲ ಸಲ ತಡೆದುಕೊಂಡ ನಾಯಿ, ಕೆಲವು ವಾರ ಬಿಟ್ಟು ಮತ್ತೆ ಕೊಟ್ಟಾಗ ನಿಮಿಷಗಳಲ್ಲಿ ಸತ್ತಿತು. ರಿಶೆಗೆ 1913ರಲ್ಲಿ ನೊಬೆಲ್ ಬಂತು.

ಅಂದರೆ ಈ ದಾರಿಯಲ್ಲಿ ನೆನಪು ಬೇಕು, ಹಿಂದಿನ ಭೇಟಿ ಬೇಕು. ಚರ್ಮಕ್ಕೆ ಹನಿ ವಿಷ ಚುಚ್ಚಿ ನೋಡುವ ಸ್ಕಿನ್ ಟೆಸ್ಟ್ ಹುಡುಕುವುದು ಆ ನೆನಪನ್ನೇ.

ಎರಡನೆಯ ದಾರಿಗೆ ನೆನಪು ಬೇಕಿಲ್ಲ. ನಮ್ಮ ರಕ್ತದಲ್ಲಿ ಹುಟ್ಟಿನಿಂದಲೂ ಮೂವತ್ತಕ್ಕೂ ಹೆಚ್ಚು ಪ್ರೋಟೀನುಗಳ ಒಂದು ಪಡೆ ಓಡಾಡಿಕೊಂಡಿರುತ್ತದೆ. ಇದಕ್ಕೆ ಕಾಂಪ್ಲಿಮೆಂಟ್ ವ್ಯವಸ್ಥೆ ಎಂದು ಹೆಸರು. 1890ರ ದಶಕದಲ್ಲಿ ಬೆಲ್ಜಿಯಂನ ಜೂಲ್ಸ್ ಬೋರ್ಡೆ ಇದರ ಗುಟ್ಟನ್ನು ಸರಳ ಪ್ರಯೋಗದಲ್ಲಿ ಹಿಡಿದರು. ಸೀರಮ್ಮನ್ನು (ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿ ದ್ರವ) 55–56 ಡಿಗ್ರಿಗೆ ಬಿಸಿ ಮಾಡಿದರೆ ಪ್ರತಿಕಾಯಗಳು ಉಳಿಯುತ್ತವೆ, ಬ್ಯಾಕ್ಟೀರಿಯಾ ಕೊಲ್ಲುವ ಶಕ್ತಿ ಹೋಗುತ್ತದೆ. ಬಿಸಿ ಮಾಡದ ಬೇರೆ ಸೀರಮ್ಮನ್ನು ಒಂದಿಷ್ಟು ಸೇರಿಸಿದರೆ ಶಕ್ತಿ ಮರಳುತ್ತದೆ. ಬಿಸಿಗೆ ಕೆಟ್ಟುಹೋಗುವ ಆ ಭಾಗವೇ ಕಾಂಪ್ಲಿಮೆಂಟ್. ಅದರ ನಡುವಿನ ಪ್ರೋಟೀನು ಸಿ3, ಲೀಟರ್ ರಕ್ತದ್ರವದಲ್ಲಿ ಸುಮಾರು ಒಂದು ಗ್ರಾಂ ಇರುತ್ತದೆ. ಇದು ಸರಪಟಾಕಿಯ ಹಾಗೆ: ಒಂದು ತುದಿಗೆ ಕಿಡಿ ತಾಗಿದರೆ ಒಂದು ಇನ್ನೊಂದನ್ನು ಸಿಡಿಸುತ್ತಾ ಹೋಗುತ್ತದೆ. ಸಿ3 ಕತ್ತರಿಸಿದಾಗ ದೊಡ್ಡ ತುಂಡು ರೋಗಾಣುವಿಗೆ ಅಂಟಿಕೊಳ್ಳುತ್ತದೆ. ಸಿ3ಎ ಎಂಬ ಸಣ್ಣ ತುಂಡು ರಕ್ತದಲ್ಲಿ ತೇಲಿ ಹೋಗುತ್ತದೆ. ಮುಂದೆ ಸಿ5 ಸಿಡಿದು ಸಿ5ಎ ಹುಟ್ಟುತ್ತದೆ, ಅದು ಇನ್ನೂ ಖಾರ. ಈ ಎರಡೂ ತುಂಡುಗಳು ಐಜಿಇಯ ಹಂಗಿಲ್ಲದೆ ನೇರವಾಗಿ ಮಾಸ್ಟ್ ಕೋಶಗಳನ್ನು ಕೆರಳಿಸಬಲ್ಲವು, ರಕ್ತನಾಳಗಳನ್ನು ಸೋರಿಸಬಲ್ಲವು.

ಎರಡು ದಾರಿಗಳೂ ಒಂದೇ ಓಣಿಗೆ ಬಂದು ಸೇರುತ್ತವೆ. ಅಷ್ಟೇ ಅಲ್ಲ, ಅಲ್ಲಿ ಒಂದಕ್ಕೊಂದು ಕೈ ಜೋಡಿಸುತ್ತವೆ: ಮಾಸ್ಟ್ ಕೋಶ ಸುರಿಸುವ ಟ್ರಿಪ್ಟೇಸ್ ಎಂಬ ಕಿಣ್ವಕ್ಕೆ ಸಿ3ಯನ್ನು ಕತ್ತರಿಸುವ ಶಕ್ತಿ ಇದೆ. ಕಣಜ, ಜೇನು ಕಚ್ಚಿ ತೀವ್ರ ಆಘಾತಕ್ಕೆ ಹೋದವರಲ್ಲಿ ಕಾಂಪ್ಲಿಮೆಂಟ್ ಪ್ರೋಟೀನುಗಳು ಖರ್ಚಾಗಿರುವುದೂ ಕಂಡಿದೆ.

ಈಗ ಹಾವಿನ ವಿಷಕ್ಕೆ ಮದ್ದು ತಯಾರಾಗುವ ಪಿಂಪ್ರಿಗೆ ಬರೋಣ. ಮುಂಬೈನ ಪರೇಲ್‌ನಲ್ಲಿರುವ ಹಾಫ್‌ಕಿನ್ ಸಂಸ್ಥೆಯ ಹೆಸರು ಕೇಳದವರಿಲ್ಲ, ಅದರ ಕುದುರೆಗಳು ಪುಣೆಯ ಪಿಂಪ್ರಿಯಲ್ಲಿ ಇರುವುದು ಮಾತ್ರ ಆ ರಸ್ತೆಯಲ್ಲೇ ದಿನಾ ಓಡಾಡುವ ನಮ್ಮ ಎಷ್ಟೋ ಜನಕ್ಕೆ ಗೊತ್ತಿಲ್ಲ. (ಸೈರಸ್ ಪೂನಾವಾಲಾ 1966ರಲ್ಲಿ ಸೀರಮ್ ಇನ್‌ಸ್ಟಿಟ್ಯೂಟ್ ಶುರು ಮಾಡಿದ್ದರ ಹಿಂದೆಯೂ ಮನೆಯ ಸ್ಟಡ್ ಫಾರ್ಮಿನ ಕುದುರೆಗಳೇ ಇದ್ದವು. ಲಸಿಕೆಯ ಊರು ಎಂಬ ಪುಣೆಯ ಹೆಸರಿನಲ್ಲಿ ಕುದುರೆಗಳ ಪಾಲು ದೊಡ್ಡದು.) ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕರ ವಿಷವನ್ನು ಅಲ್ಪ ಪ್ರಮಾಣದಿಂದ ಏರಿಸುತ್ತ ಕುದುರೆಗೆ ಚುಚ್ಚಿ, ಅದರ ರಕ್ತದಿಂದ ಪ್ರತಿಕಾಯ ತೆಗೆಯುತ್ತಾರೆ. ಪ್ರತಿಕಾಯಕ್ಕೆ ಇಂಗ್ಲಿಷಿನ ವೈ ಅಕ್ಷರದ ಆಕಾರ. ಮೇಲಿನ ಎರಡು ತೋಳು ವಿಷವನ್ನು ಹಿಡಿಯುತ್ತವೆ, ಕೆಳಗಿನ ಬಾಲ ಕಾಂಪ್ಲಿಮೆಂಟನ್ನು ಕರೆಯುತ್ತದೆ. ಅದಕ್ಕೇ ಪೆಪ್ಸಿನ್ ಹಾಕಿ ಬಾಲವನ್ನು ಕತ್ತರಿಸಿ ಬಿಸಾಡುತ್ತಾರೆ. ಅಷ್ಟು ಮಾಡಿದರೂ ಅಳಿದುಳಿದ ಬಾಲಗಳು, ಒಂದಕ್ಕೊಂದು ಅಂಟಿ ಗಂಟಾದ ಪ್ರೋಟೀನುಗಳು ಬಾಟಲಿಯಲ್ಲಿ ಇರುತ್ತವೆ.

ಬಾಟಲಿಯನ್ನು ಹತ್ತಿರದಿಂದ ನೋಡಬೇಕು. ತಳದಲ್ಲಿ ಬಿಳಿ ಪುಡಿ ಗಟ್ಟಿಯಾಗಿ ಕೂತಿರುತ್ತದೆ. ಅದಕ್ಕೆ 10 ಮಿಲೀ ನೀರು ಸೇರಿಸಿದ ಮೇಲೆ ಅಂಗೈಗಳ ನಡುವೆ ಮೆಲ್ಲಗೆ ತಿರುಗಿಸುತ್ತಾ ಕೂರಬೇಕು. ಕೆಮ್ಮಿನ ಔಷಧದ ಹಾಗೆ ಕುಲುಕಬಾರದು. ಕುಲುಕಿದರೆ ನೊರೆ ಬರುತ್ತದೆ, ನೊರೆಯಲ್ಲಿ ಪ್ರೋಟೀನು ಮಡಿಕೆ ಬಿಚ್ಚಿ ಗಂಟು ಕಟ್ಟುತ್ತದೆ. ಹೊರಗೆ ಬಂಧುಗಳು ಬಾಗಿಲು ಬಡಿಯುತ್ತಿರುವಾಗ ಹತ್ತು ಬಾಟಲಿಯನ್ನು ಹೀಗೆ ಕರಗಿಸುವುದು ತಾಳ್ಮೆಯ ಕೆಲಸ.

ಈ ಗಂಟುಗಳು ಒಳಗೆ ಹೋದಾಗ ರೋಗಿಯ ಕಾಂಪ್ಲಿಮೆಂಟ್ ಕೆರಳುವುದೇ ಎಎಸ್‌ವಿ (ಹಾವಿನ ವಿಷಕ್ಕೆ ಕೊಡುವ ಈ ಮದ್ದಿನ ಇಂಗ್ಲಿಷ್ ಚುಟುಕು ಹೆಸರು) ರಿಯಾಕ್ಷನ್‌ನ ಮುಖ್ಯ ಕಾರಣಗಳಲ್ಲಿ ಒಂದು ಎಂದು ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ ಹೇಳುತ್ತದೆ. ಅದೇ ಏಕೈಕ ಕಾರಣವಲ್ಲ. ಕುದುರೆ ಪ್ರೋಟೀನು ನೇರವಾಗಿ ಮಾಸ್ಟ್ ಕೋಶಕ್ಕೆ ತಾಗಬಹುದು, ಹಾವಿನ ವಿಷ ತಾನೇ ಕಾಂಪ್ಲಿಮೆಂಟನ್ನು ಕೆಡಿಸಿರಬಹುದು. ಆದರೆ ಬಹುತೇಕ ರೋಗಿಗಳಲ್ಲಿ ಐಜಿಇಯ ಪಾತ್ರ ಇಲ್ಲ. ಜೀವಮಾನದಲ್ಲಿ ಕುದುರೆ ಸೀರಮ್ ಕಾಣದವರಿಗೂ ಮೊದಲ ಸಲವೇ ರಿಯಾಕ್ಷನ್ ಆಗುವುದು ಇದರಿಂದ. ಸ್ಕಿನ್ ಟೆಸ್ಟ್ ಇಲ್ಲಿ ನಿರುಪಯೋಗಿ ಆಗುವುದೂ ಇದರಿಂದಲೇ. ಟೆಸ್ಟ್ ಸುಮ್ಮನಿದ್ದರೂ ಸಲೈನಿನಲ್ಲಿ ಔಷಧ ಹೋದಾಗ ನಡುಕ ಬರಬಹುದು, ಟೆಸ್ಟ್ ಜಾಗ ಕೆಂಪಾದವರಿಗೆ ಏನೂ ಆಗದಿರಬಹುದು. ನಮ್ಮ ದೇಶದ ಚಿಕಿತ್ಸಾ ಸೂಚಿಗಳೂ ಟೆಸ್ಟ್ ಡೋಸ್ ಬೇಡ ಎನ್ನುತ್ತವೆ.

ಇದನ್ನು ಜನಕ್ಕೆ ಹೇಳುವುದು ಕಷ್ಟ. ಯಾದಗಿರಿ, ಕಲಬುರಗಿ ಕಡೆಯಿಂದ ಬಂದು ಇಲ್ಲಿ ಕಟ್ಟಡ ಕೆಲಸ ಮಾಡುವವರು ಶೆಡ್ಡಿನಲ್ಲಿ ನೆಲದ ಮೇಲೆ ಮಲಗುತ್ತಾರೆ. ಕಟ್ಟುಹಾವು ಕಚ್ಚುವುದು ಅಂಥವರಿಗೇ, ಅದೂ ರಾತ್ರಿ. ನನಗೆ ಪರಿಚಯದ ವಿಜಯಪುರದ ನರ್ಸ್ ಒಬ್ಬರು ಹೇಳಿದ ಮಾತು ಇದು. ‘ಮೊದಲ ಒಂದ್ ಹನಿ ಹಾಕಿ ನೋಡ್ರಿ ಬಾಯಾರ, ಆಮ್ಯಾಲ ಪೂರಾ ಹಾಕ್ರಿ’ ಎಂದು ಹಾವು ಕಚ್ಚಿದ ಹುಡುಗನ ದೊಡ್ಡಪ್ಪ ಪಟ್ಟು ಹಿಡಿದಿದ್ದನಂತೆ. ಈಕೆ, ‘ಕಾಕಾ, ಹಂಗ ನೋಡಿದ್ರ ಏನೂ ಗೊತ್ತಾಗಂಗಿಲ್ರಿ. ನಾ ಇಲ್ಲೇ ಕುಂತಿರ್ತೀನಿ, ಸೂಜಿ ತುಂಬಿ ಇಟ್ಟೀನಿ’ ಎಂದರಂತೆ. ಸೂಜಿಯಲ್ಲಿದ್ದದ್ದು ಅಡ್ರಿನಲಿನ್, ಇಳಿದ ಬಿಪಿಯನ್ನು ಏರಿಸಿ ಉಬ್ಬಸ ತಗ್ಗಿಸುವ ಮದ್ದು. ಯಾವ ಪರೀಕ್ಷೆಗಿಂತಲೂ ಅದೇ ಮೇಲು. ಶ್ರೀಲಂಕಾದಲ್ಲಿ ಹಾವು ಕಚ್ಚಿದ 1007 ಜನರ ಮೇಲೆ ನಡೆದು 2011ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಎಎಸ್‌ವಿಗೆ ಮುಂಚೆ ಸಣ್ಣ ಡೋಸ್ ಅಡ್ರಿನಲಿನ್ ಕೊಟ್ಟಾಗ ಮೊದಲ ಒಂದು ಗಂಟೆಯ ತೀವ್ರ ರಿಯಾಕ್ಷನ್ ಶೇ 43ರಷ್ಟು ಇಳಿಯಿತು. ಎಲ್ಲ ಕಡೆ ರೂಢಿಯಿಂದ ಚುಚ್ಚುವ ಹೈಡ್ರೋಕಾರ್ಟಿಸೋನ್, ಪ್ರೊಮೆಥಜೀನ್ ಆ ಕೆಲಸ ಮಾಡಲಿಲ್ಲ.

ಕಾಂಪ್ಲಿಮೆಂಟಿನ ಬಗ್ಗೆ ನಮಗೆ ಇಷ್ಟು ಗೊತ್ತಾಗಲು ನಾಗರಹಾವೇ ನೆರವಾಯಿತು ಎನ್ನುವುದು ಈ ಕಥೆಯ ತಮಾಷೆ. 1902ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿದ್ದ ಸೈಮನ್ ಫ್ಲೆಕ್ಸ್ನರ್ ಮತ್ತು ಹಿದೆಯೊ ನೊಗುಚಿ, ನಾಗರದ ವಿಷ ತಾಗಿದ ಸೀರಮ್ ಬ್ಯಾಕ್ಟೀರಿಯಾ ಕೊಲ್ಲುವ ಶಕ್ತಿ ಕಳೆದುಕೊಳ್ಳುವುದನ್ನು ವರದಿ ಮಾಡಿದರು. (ಜಪಾನಿನ ಸಾವಿರ ಯೆನ್ ನೋಟಿನ ಮೇಲೆ 2024ರವರೆಗೆ ಇದ್ದದ್ದು ಇದೇ ನೊಗುಚಿಯ ಮುಖ. ಈಗ ಆ ಜಾಗಕ್ಕೆ ಬಂದವರು ಕಿತಸಾತೊ, ಸೀರಮ್ ಚಿಕಿತ್ಸೆಯ ಮೂಲಪುರುಷರಲ್ಲಿ ಒಬ್ಬರು. ಪ್ರತಿರಕ್ಷಾ ವಿಜ್ಞಾನಿಗಳನ್ನು ಸಾಲಾಗಿ ನೋಟಿಗೇರಿಸುವ ದೇಶ!) ವಿಷದಲ್ಲಿ ಅಡಗಿದ್ದದ್ದು ಸಿ3ಯ ನಕಲು. ನಾಗರ ತನ್ನದೇ ಸಿ3ಯನ್ನು ತಿದ್ದಿ ವಿಷದ ಗ್ರಂಥಿಯಲ್ಲಿ ಇಟ್ಟುಕೊಂಡಿದೆ. ನಮ್ಮ ಸಿ3ಯ ತುಂಡು ಸೇರಿ ಕಟ್ಟುವ, ಉಳಿದ ಸಿ3ಯನ್ನು ಕತ್ತರಿಸುವ ‘ಕತ್ತರಿ’ ಒಂದೂವರೆ ನಿಮಿಷದಲ್ಲಿ ಅರ್ಧಕ್ಕರ್ಧ ಕಳಚಿ ಬೀಳುತ್ತದೆ. ಅದನ್ನು ಬೇಗ ಬಿಚ್ಚಿ ಸುಮ್ಮನಾಗಿಸುವ ಕಾವಲು ಪ್ರೋಟೀನುಗಳೂ ನಮ್ಮಲ್ಲಿವೆ. ಹಾವಿನ ನಕಲು ಕಟ್ಟಿದ ಕತ್ತರಿ ಅರ್ಧ ಕಳಚಲು ಏಳು ಗಂಟೆ ಬೇಕು, ಕಾವಲಿನವರ ಮಾತನ್ನೂ ಅದು ಕೇಳುವುದಿಲ್ಲ. ಸಿ3 ಮುಗಿಯುವವರೆಗೂ ಕತ್ತರಿಸುತ್ತದೆ. ಕಚ್ಚಿದ ಜಾಗದ ರಕ್ತನಾಳ ಸೋರಿದರೆ ಉಳಿದ ವಿಷ ಬೇಗ ಹರಡುತ್ತದೆ, ಅದಕ್ಕೇ ಈ ಏರ್ಪಾಡು ಎಂಬುದು ಒಂದು ವಾದ. ಒಂಟಿಯಾಗಿ ತೆಗೆದರೆ ಈ ಪ್ರೋಟೀನು ಕೊಲ್ಲುವಂಥದ್ದಲ್ಲ. ಹಾಗಾಗಿ ದಶಕಗಳಿಂದ ಪ್ರಯೋಗಾಲಯಗಳು ಇಲಿಗಳ ಕಾಂಪ್ಲಿಮೆಂಟ್ ಖಾಲಿ ಮಾಡಲು ಇದನ್ನೇ ಬಳಸುತ್ತವೆ. ಖಾಲಿಯಾದ ಇಲಿಯಲ್ಲಿ ಯಾವ ಕಾಯಿಲೆ ಬಾರದೇ ಹೋಯಿತೋ ಅದರಲ್ಲಿ ಕಾಂಪ್ಲಿಮೆಂಟಿನ ಕೈ ಇದೆ ಎಂದು ಲೆಕ್ಕ.

ನೊಗುಚಿ ಕೆಲಸ ಮಾಡಿದ ಅದೇ ವಿಶ್ವವಿದ್ಯಾಲಯದಲ್ಲಿ 1996ರಲ್ಲಿ ಅರವಿಂದ ಸಾಹು, ಜಾನ್ ಲ್ಯಾಂಬ್ರಿಸ್ ಮತ್ತು ಸಂಗಡಿಗರು ತದ್ವಿರುದ್ಧದ ಗುಣದ ಒಂದನ್ನು ಕಂಡುಹಿಡಿದರು. ಅದು 13 ಅಮೈನೋ ಆಮ್ಲಗಳ ಪುಟ್ಟ ಉಂಗುರ, ಹೆಸರು ಕಾಂಪ್‌ಸ್ಟ್ಯಾಟಿನ್. ಅದು ಸಿ3ಗೆ ಅಂಟಿದರೆ ಕತ್ತರಿ ಓಡುವುದಿಲ್ಲ. ಸಾಹು ಆಮೇಲೆ ಪುಣೆಯ ಗಣೇಶಖಿಂಡದಲ್ಲಿರುವ ರಾಷ್ಟ್ರೀಯ ಜೀವಕೋಶ ವಿಜ್ಞಾನ ಕೇಂದ್ರಕ್ಕೆ ಬಂದು, ವೈರಸ್‌ಗಳು ಕಾಂಪ್ಲಿಮೆಂಟಿನ ಕಣ್ಣು ತಪ್ಪಿಸುವ ಬಗೆಯನ್ನು ಅಧ್ಯಯನ ಮಾಡಿದರು. ಕಾಂಪ್‌ಸ್ಟ್ಯಾಟಿನ್‌ನಿಂದ ಬೆಳೆದ ಪೆಗ್‌ಸೆಟಕೋಪ್ಲಾನ್ ಎಂಬ ಔಷಧಕ್ಕೆ, ಕಾಂಪ್ಲಿಮೆಂಟ್ ಸ್ವಂತ ಕೆಂಪು ರಕ್ತಕಣಗಳನ್ನೇ ಒಡೆಯುವ ಅಪರೂಪದ ಕಾಯಿಲೆಗೆಂದು 2021ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು.

ಹಾವಿನ ವಾರ್ಡಿಗೆ ಇಂಥ ದುಬಾರಿ ಔಷಧ ಬಂದಿಲ್ಲ, ಅಲ್ಲಿ ಅಡ್ರಿನಲಿನ್ನೇ ಗತಿ. ರಿಯಾಕ್ಷನ್ ಕಂಡ ಕೂಡಲೇ ಎಎಸ್‌ವಿ ನಿಲ್ಲಿಸಿ, ತೊಡೆಗೆ ಅರ್ಧ ಮಿಲಿಗ್ರಾಂ ಅಡ್ರಿನಲಿನ್ ಕೊಟ್ಟು, ಬಿಪಿ ಸುಧಾರಿಸಿದ ಮೇಲೆ ಎಎಸ್‌ವಿ ಮತ್ತೆ ಶುರು ಮಾಡುತ್ತಾರೆ, ನಿಧಾನವಾಗಿ. ಮನೆಯವರು ‘ಆ ಔಷಧ ಮತ್ತ ಬ್ಯಾಡ್ರಿ’ ಎಂದು ಕೈ ಹಿಡಿಯುವುದು ಈ ಹೊತ್ತಿನಲ್ಲೇ. ಹಾವಿನ ವಿಷ ಇನ್ನೂ ಒಳಗಿದೆ, ಅದಕ್ಕೆ ಬೇರೆ ಮದ್ದಿಲ್ಲ. ವಾರದ ಮೇಲೆ ಜ್ವರ, ಕೀಲುನೋವು, ದದ್ದು ಬಂದರೆ ಅದು ಸೀರಮ್ ಸಿಕ್‌ನೆಸ್. ಕುದುರೆ ಪ್ರೋಟೀನು ಮತ್ತು ನಮ್ಮ ಪ್ರತಿಕಾಯ ಸೇರಿದ ಮುದ್ದೆಗಳು ಕಾಂಪ್ಲಿಮೆಂಟನ್ನು ಇನ್ನೊಮ್ಮೆ ಕೆರಳಿಸಿದ್ದು, ಮಾತ್ರೆಗೆ ಬಗ್ಗುತ್ತದೆ. ಡಿಸ್ಚಾರ್ಜ್ ಕಾರ್ಡಿನಲ್ಲಿ ಬರೀ ‘ಎಎಸ್‌ವಿ ಅಲರ್ಜಿ’ ಎಂದು ಗೀಚಿದ್ದರೆ, ಎಷ್ಟನೇ ನಿಮಿಷಕ್ಕೆ ಏನಾಯಿತು, ಯಾವ ಡೋಸಿಗೆ ಸರಿಹೋಯಿತು, ಎಷ್ಟು ಬಾಟಲಿ ಮುಗಿಸಿದರು ಎಂದು ವಿವರವಾಗಿ ಬರೆಸಿಕೊಳ್ಳಿ. ಮುಂದಿನ ಮಳೆಗಾಲದಲ್ಲಿ ಇನ್ನೊಂದು ಹಾವು ಕಚ್ಚಿದರೆ, ಕಾರ್ಡ್ ಓದುವ ಡಾಕ್ಟರಿಗೆ ಬೇಕಾಗುವುದು ಆ ವಿವರ.