ಮ್ಯಾರಥಾನ್‌ಗೆ ಅರ್ಹತೆಯ ಗೆರೆ ಎಲ್ಲಿ ಎಳೆಯಬೇಕು?

2016ರ ರಿಯೋ ಒಲಿಂಪಿಕ್ಸ್ ಮ್ಯಾರಥಾನ್‌ಗೆ ಪುರುಷರ ಅರ್ಹತಾ ಸಮಯ 2 ಗಂಟೆ 19 ನಿಮಿಷ ಇತ್ತು. 2024ರ ಪ್ಯಾರಿಸ್ ಹೊತ್ತಿಗೆ ಅದು 2:08:10ಕ್ಕೆ ಬಂತು. ಮಹಿಳೆಯರದ್ದು 2:45ರಿಂದ 2:26:50ಕ್ಕೆ. 2:08:10 ಅಂದರೆ ಒಂದೊಂದು ಕಿಲೋಮೀಟರಿಗೂ ಸುಮಾರು 3 ನಿಮಿಷ 2 ಸೆಕೆಂಡು. ಕೊನೆಯವರೆಗೂ ಅದೇ ವೇಗ.

ಇದಕ್ಕೆ ಕಾರಣಗಳಿವೆ. ಅಟ್ಟೆಯೊಳಗೆ ಗಟ್ಟಿ ಕಾರ್ಬನ್ ಪ್ಲೇಟ್ ಇರುವ ಶೂಗಳು ಬಂದ ಮೇಲೆ ಎಲ್ಲರ ಸಮಯವೂ ಇಳಿಯಿತು. ಪ್ಯಾರಿಸ್‌ನಲ್ಲಿ ಇದ್ದದ್ದು ಪುರುಷರಿಗೆ 80, ಮಹಿಳೆಯರಿಗೆ 80 ಜಾಗ. ಹಾಗಾಗಿ ಒಲಿಂಪಿಕ್ಸ್ ಬಾಗಿಲು ಕಿರಿದಾಗಿದ್ದರೆ ನನಗೇನೂ ತಕರಾರಿಲ್ಲ. ಆದರೆ ಅದರ ಕೆಳಗಿನ ಮೆಟ್ಟಿಲುಗಳನ್ನೂ, ಅಂದರೆ ದೇಶದೊಳಗಿನ ಆಯ್ಕೆ ಓಟಗಳ ಅರ್ಹತೆಯನ್ನೂ, ಅಷ್ಟೇ ಬಿಗಿ ಮಾಡಬಾರದು. ಯಾಕಂದ್ರೆ ಮ್ಯಾರಥಾನ್ ಓಟಗಾರರು ಪಳಗೋದು ತುಂಬಾ ನಿಧಾನ.

ಬ್ರಿಟನ್ನಿನ ಓಟಗಾರ್ತಿ ಪೌಲಾ ರ‍್ಯಾಡ್‌ಕ್ಲಿಫ್ ಅವರನ್ನೇ ನೋಡಿ. ಪೌಲಾರನ್ನು ಹದಿಹರೆಯದಿಂದಲೇ ವಿಜ್ಞಾನಿ ಆ್ಯಂಡ್ರ್ಯೂ ಜೋನ್ಸ್ ಲ್ಯಾಬಿನಲ್ಲಿ ಪರೀಕ್ಷಿಸುತ್ತಾ ಬಂದರು. ದೇಹ ಗರಿಷ್ಠ ಎಷ್ಟು ಆಮ್ಲಜನಕ ಬಳಸಬಲ್ಲದು ಅನ್ನೋ ಅಳತೆ ಆಗಲೇ 70ರ (ಒಂದು ಕಿಲೋ ತೂಕಕ್ಕೆ, ನಿಮಿಷಕ್ಕೆ ಇಷ್ಟು ಮಿಲಿಲೀಟರ್) ಆಸುಪಾಸಿನಲ್ಲಿತ್ತು. ಹತ್ತು ವರ್ಷ ಕಳೆದರೂ ಅದು ಹೆಚ್ಚುಕಮ್ಮಿ ಅಷ್ಟೇ ಇತ್ತು. ಬದಲಾಗಿದ್ದು ಖರ್ಚು. ಅದೇ ವೇಗದಲ್ಲಿ ಓಡಲು ಅವರಿಗೆ ಬೇಕಾಗುವ ಆಮ್ಲಜನಕ ಸುಮಾರು ಶೇ 15ರಷ್ಟು ಇಳಿದಿತ್ತು. 2003ರಲ್ಲಿ ಲಂಡನ್‌ನಲ್ಲಿ 2:15:25ರ ವಿಶ್ವದಾಖಲೆ ಬರೆದದ್ದು ಅದೇ ದೇಹ. ಈ ಮಿತವ್ಯಯ ವರ್ಷಾನುಗಟ್ಟಲೆ ಓಡಿ ಓಡಿಯೇ ಬರಬೇಕು, ಅಡ್ಡದಾರಿ ಇಲ್ಲ. ಅಷ್ಟು ವರ್ಷ ಓಡುತ್ತಲೇ ಇರಬೇಕಾದರೆ ಕೈಗೆಟಕುವ ಒಂದು ಗುರಿ ಬೇಕು, ಅಲ್ವಾ?

ಅಮೆರಿಕದಲ್ಲಿ ಒಲಿಂಪಿಕ್ಸ್ ತಂಡದ ಆಯ್ಕೆಗೆ ಟ್ರಯಲ್ಸ್ ಓಟ ನಡೆಯುತ್ತದೆ. 2020ರ ಟ್ರಯಲ್ಸ್‌ಗೆ ಮಹಿಳೆಯರು ಮ್ಯಾರಥಾನನ್ನು 2:45ರಲ್ಲಿ ಮುಗಿಸಿದ್ದರೆ ಸಾಕಿತ್ತು. ಇಲ್ಲವೇ ಹಾಫ್ ಮ್ಯಾರಥಾನನ್ನು 1:13ರಲ್ಲಿ. ಮೋಲಿ ಸೈಡೆಲ್ ಬಂದದ್ದು ಈ ಎರಡನೇ ದಾರಿಯಲ್ಲಿ. ಅಲ್ಲಿಯವರೆಗೆ ಒಂದೂ ಮ್ಯಾರಥಾನ್ ಓಡಿರಲಿಲ್ಲ! ಅಟ್ಲಾಂಟಾದಲ್ಲಿ ನಡೆದ ಆ ಟ್ರಯಲ್ಸೇ ಅವರ ಮೊದಲ ಮ್ಯಾರಥಾನ್, ಅದರಲ್ಲೇ ಎರಡನೇ ಸ್ಥಾನ. 2021ರಲ್ಲಿ ಜಪಾನಿನ ಸಪ್ಪೊರೊದಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್ ಮ್ಯಾರಥಾನ್‌ನಲ್ಲಿ ಕಂಚು. ಪೂರ್ತಿ ಮ್ಯಾರಥಾನ್ ಸಮಯವೇ ಬೇಕು ಅಂದಿದ್ದರೆ ಅವರು ಆ ದಿನ ಸಾಲಿನಲ್ಲೇ ಇರುತ್ತಿರಲಿಲ್ಲ. 2024ರ ಟ್ರಯಲ್ಸ್‌ಗೆ ಈ ಗೆರೆಗಳೂ ಬಿಗಿಯಾದವು: 2:37 ಮತ್ತು 1:12.

ಇನ್ನೊಂದು ತೊಡಕೂ ಇದೆ. ಜೀವ ಬಿಟ್ಟು ಓಡುವ ಮ್ಯಾರಥಾನನ್ನು ವರ್ಷಕ್ಕೆ ಎರಡು, ಜಾಸ್ತಿ ಅಂದರೆ ಮೂರು ಸಲ ಓಡಬಹುದು. ಸ್ನಾಯುಗಳು ಸುಧಾರಿಸಿಕೊಳ್ಳೋಕೆ ವಾರಗಳೇ ಬೇಕು. ಆ ದಿನ ಸೆಕೆ ಇದ್ದರೆ, ಎದುರುಗಾಳಿ ಬೀಸಿದರೆ, ಅರ್ಧ ವರ್ಷದ ತಯಾರಿ ನೀರುಪಾಲು. ಅದಕ್ಕೇ ಬೆಳೆಯುತ್ತಿರುವವರಿಗೆ ಹಾಫ್ ಮ್ಯಾರಥಾನ್ ಮತ್ತು 10,000 ಮೀಟರ್ ಸಮಯದ ಮೇಲೂ ಅರ್ಹತೆ ಕೊಡಬೇಕು. ಅವನ್ನಾದರೆ ಒಂದು ಸಲ ಕೈಕೊಟ್ಟರೂ ಕೆಲವೇ ವಾರಗಳಲ್ಲಿ ಮತ್ತೆ ಓಡಬಹುದು.