ಅಳಿಸಿದ ವಿಳಾಸ ಮತ್ತೆ ಯಾಕೆ ಕಾಣಿಸಿಕೊಳ್ಳುತ್ತದೆ?

ಅಮೆರಿಕದಲ್ಲಿ ನಿಮ್ಮ ಅಣ್ಣನೋ ಮಗಳೋ ಗೆಳತಿಯೋ ಇದ್ದರೆ ಒಂದು ಕೆಲಸ ಮಾಡಿ. ಅವರ ಪೂರ್ತಿ ಹೆಸರಿನ ಜೊತೆ ಅವರಿರುವ ಊರಿನ ಹೆಸರನ್ನೂ ಹಾಕಿ ಗೂಗಲ್‌ನಲ್ಲಿ ಹುಡುಕಿ. ಸ್ಪೋಕಿಯೋ, ವೈಟ್‌ಪೇಜಸ್, ಬೀನ್‌ವೆರಿಫೈಡ್, ಇಂಟೆಲಿಯಸ್ ಥರದ ಸೈಟ್‌ಗಳು ಸಾಲಾಗಿ ಬರುವ ಸಾಧ್ಯತೆ ಬಹಳ. ಜನರನ್ನು ಹುಡುಕಿಕೊಡುವುದೇ ಇವುಗಳ ವ್ಯಾಪಾರ. ವಯಸ್ಸು, ಈಗಿನ ಮನೆ ವಿಳಾಸ, ಅದಕ್ಕೂ ಮೊದಲು ಬಾಡಿಗೆಗಿದ್ದ ಅಪಾರ್ಟ್‌ಮೆಂಟ್‌ಗಳು, ಫೋನ್ ನಂಬರ್, ಸಂಬಂಧಿಕರಿರಬಹುದು ಅಂತ ಒಂದು ಪಟ್ಟಿ, ಅದರಲ್ಲಿ ಗಂಡ, ಹೆಂಡತಿ, ಕೆಲವೊಮ್ಮೆ ಎಂದೋ ಜೊತೆಗಿದ್ದ ರೂಮ್‌ಮೇಟ್ ಕೂಡ. ಒಂದಷ್ಟು ಬಿಟ್ಟಿಯಾಗಿ ಕಾಣುತ್ತದೆ, ಉಳಿದದ್ದಕ್ಕೆ ಸ್ವಲ್ಪ ಡಾಲರ್ ಕೊಡಬೇಕು. ಕೇಳುವವರು ಯಾರು, ಯಾಕೆ ಕೇಳುತ್ತಿದ್ದಾರೆ ಅಂತ ಸಾಮಾನ್ಯವಾಗಿ ಯಾರೂ ಪರೀಕ್ಷಿಸುವುದಿಲ್ಲ.

ಇದನ್ನು ಅಳಿಸಬಹುದಾ? ಅಳಿಸಬಹುದು. ದೊಡ್ಡ ಸೈಟ್‌ಗಳಲ್ಲೆಲ್ಲ ತೀರಾ ಕೆಳಗೆ, ಸಣ್ಣ ಅಕ್ಷರದಲ್ಲಿ, ಆಪ್ಟ್-ಔಟ್ (ನನ್ನನ್ನು ಇದರಿಂದ ಬಿಟ್ಟುಬಿಡಿ) ಅಂತ ಒಂದು ಲಿಂಕ್ ಇರುತ್ತದೆ. ಆದರೆ ಹಾಗೆ ಅಳಿಸಿದವರು ಮತ್ತೆ ಮತ್ತೆ ಹೇಳುವ ದೂರು ಒಂದೇ: ಕೆಲವು ತಿಂಗಳು ಬಿಟ್ಟು ನೋಡಿದರೆ ಅದೇ ವಿಳಾಸ ಮತ್ತೆ ಬಂದು ಕೂತಿರುತ್ತದೆ. ಮೋಸ ಅನ್ನಿಸುತ್ತದೆ ಅಲ್ವಾ? ಕೆಲವೊಮ್ಮೆ ಮೋಸವೇ. ಆದರೆ ಮುಖ್ಯ ಕಾರಣ ಆ ಪುಟ ಹುಟ್ಟುವ ರೀತಿಯಲ್ಲೇ ಇದೆ. ಅದು ಗೊತ್ತಿಲ್ಲದೆ ಅಳಿಸಲು ಹೊರಟರೆ ಸುಮ್ನೆ ಸುಸ್ತು.

ಅಮೆರಿಕದಲ್ಲಿ ಮನೆ ಕೊಂಡರೆ ಅದರ ಕ್ರಯಪತ್ರ ಕೌಂಟಿ (ಅಲ್ಲಿನ ಜಿಲ್ಲೆ) ಕಚೇರಿಯಲ್ಲಿ ದಾಖಲಾಗುತ್ತದೆ. ಯಾರು ಬೇಕಾದರೂ ನೋಡಬಹುದು. ಹಲವು ರಾಜ್ಯಗಳಲ್ಲಿ ಮತದಾರರ ಪಟ್ಟಿ ದುಡ್ಡು ಕೊಟ್ಟರೆ ಸಿಗುತ್ತದೆ. ಕೋರ್ಟ್ ಕೇಸು, ವ್ಯಾಪಾರದ ನೋಂದಣಿ ಕೂಡ ಹೆಚ್ಚಾಗಿ ಬಹಿರಂಗ ದಾಖಲೆಗಳೇ. ಇವುಗಳ ಜೊತೆಗೆ ಅಂಗಡಿಯ ರಿಯಾಯಿತಿ ಕಾರ್ಡ್, ಪತ್ರಿಕೆಯ ಚಂದಾ, ವಾರಂಟಿ ಫಾರಂ, ಮೊಬೈಲ್ ಆಪ್. ಬಿಡಿಬಿಡಿಯಾಗಿ ನೋಡಿದರೆ ಯಾವುದೂ ದೊಡ್ಡ ಗುಟ್ಟಲ್ಲ. ಕೌಂಟಿ ಗುಮಾಸ್ತರಿಗೆ ನಿಮ್ಮ ರೂಮ್‌ಮೇಟ್ ಯಾರು ಅಂತ ಗೊತ್ತಿಲ್ಲ, ಅಂಗಡಿಯವರಿಗೆ ನಿಮ್ಮ ಕ್ರಯಪತ್ರ ಬೇಕಿಲ್ಲ. ಅಪಾಯ ಶುರುವಾಗುವುದು ಇವೆಲ್ಲ ಒಬ್ಬರೇ ವ್ಯಕ್ತಿಗೆ ಸೇರಿದ್ದು ಅಂತ ಯಾರೋ ಜೋಡಿಸಿದಾಗ.

ಈ ಜೋಡಣೆಗೆ ರೆಕಾರ್ಡ್ ಲಿಂಕೇಜ್ ಅಂತ ಹೆಸರು. ಇದು ಹುಟ್ಟಿದ್ದು ಒಳ್ಳೆಯ ಉದ್ದೇಶಕ್ಕೆ. 1946ರಲ್ಲಿ ಹಾಲ್ಬರ್ಟ್ ಡನ್ ಎಂಬ ಅಮೆರಿಕದ ಅಂಕಿಅಂಶ ತಜ್ಞರು ಇದರ ಬಗ್ಗೆ ಬರೆದರು. ಒಬ್ಬ ವ್ಯಕ್ತಿಯ ಹುಟ್ಟು, ಮದುವೆ, ಸಾವಿನ ದಾಖಲೆಗಳು ಬೇರೆ ಬೇರೆ ಕಚೇರಿಗಳಲ್ಲಿ ಬಿದ್ದಿರುತ್ತವೆ, ಅವನ್ನು ಒಂದುಗೂಡಿಸಿದರೆ ಸಾರ್ವಜನಿಕ ಆರೋಗ್ಯಕ್ಕೆ ಉಪಯೋಗ ಅನ್ನುವುದು ಅವರ ಯೋಚನೆ. 1959ರಲ್ಲಿ ಕೆನಡಾದ ಹೊವರ್ಡ್ ನ್ಯೂಕೂಂಬ್ ಮತ್ತು ಜೊತೆಗಾರರು ಇದನ್ನು ಕಂಪ್ಯೂಟರಿನಿಂದ ಮಾಡುವ ದಾರಿ ತೋರಿಸಿದರು. 1969ರಲ್ಲಿ ಅದೇ ದೇಶದ ಇವಾನ್ ಫೆಲೆಗಿ ಮತ್ತು ಅಲನ್ ಸಂಟರ್ ಅದಕ್ಕೆ ಗಣಿತದ ಬುನಾದಿ ಹಾಕಿದರು.

ಗಣಿತ ಅಂದರೆ ಹೆದರಬೇಡಿ, ಇದು ಸರಳ. ಎರಡು ದಾಖಲೆಗಳಲ್ಲೂ 'ಗಂಡು' ಅಂತ ಇದೆ ಅಂದುಕೊಳ್ಳಿ. ಅದರಿಂದ ಏನೂ ಹೆಚ್ಚು ತಿಳಿಯುವುದಿಲ್ಲ, ಯಾಕೆಂದರೆ ಸಂಬಂಧವೇ ಇಲ್ಲದ ಇಬ್ಬರ ದಾಖಲೆ ತೆಗೆದುಕೊಂಡರೂ ಅರ್ಧದಷ್ಟು ಸಲ ಲಿಂಗ ಹೊಂದಿಯೇ ಹೊಂದುತ್ತದೆ. ಹುಟ್ಟಿದ ತಿಂಗಳು ಆಕಸ್ಮಿಕವಾಗಿ ಹೊಂದುವುದು ಸುಮಾರು 12ರಲ್ಲಿ 1 ಸಲ. ತಾರೀಕೂ ಸೇರಿ ಹೊಂದುವುದು 365ರಲ್ಲಿ 1 ಸಲ. ಇಸವಿಯೂ ಸೇರಿದರೆ ಹತ್ತಾರು ಸಾವಿರದಲ್ಲಿ 1. ಆಕಸ್ಮಿಕದ ಸಾಧ್ಯತೆ ಕಡಿಮೆಯಾದಷ್ಟೂ ಆ ಹೊಂದಾಣಿಕೆಗೆ ಅಂಕ ಜಾಸ್ತಿ. ಹೊಂದದೆ ಹೋದರೆ ಅಂಕ ಕಳೆಯುತ್ತದೆ. ಎಲ್ಲ ಕೂಡಿಸಿದಾಗ ಮೊತ್ತ ಒಂದು ಗೆರೆ ದಾಟಿತೋ, ಎರಡೂ ದಾಖಲೆ ಒಬ್ಬರದ್ದೇ ಅಂತ ತೀರ್ಮಾನ.

ಕನ್ನಡದವರಿಗೆ ಇಲ್ಲಿ ಒಂದು ತೊಂದರೆ ಇದೆ. ಜಾನ್ ಸ್ಮಿತ್ ಎಂಬ ಹೆಸರು ಅಮೆರಿಕದಲ್ಲಿ ಸಾವಿರಾರು ಜನರಿಗೆ ಇದೆ, ಹಾಗಾಗಿ ಆ ಹೆಸರು ಹೊಂದಿದರೆ ಸಿಗುವ ಅಂಕ ಕಡಿಮೆ. ಊರಿನ ಹೆಸರನ್ನೋ ಮನೆತನದ ಹೆಸರನ್ನೋ ಸರ್‌ನೇಮ್ ಮಾಡಿಕೊಂಡ ನಮ್ಮವರು ಒಂದು ರಾಜ್ಯಕ್ಕೆ ಒಬ್ಬರೇ ಇರಬಹುದು. ಅಲ್ಲಿ ಹೆಸರೊಂದೇ ಸಾಕು, ಬೇರೆ ಗುರುತು ಬೇಕೇ ಇಲ್ಲ.

ಸ್ಪೆಲಿಂಗ್ ಬೇರೆ ಬೇರೆ ಇದ್ದರೆ ತಪ್ಪಿಸಿಕೊಳ್ಳಬಹುದಲ್ಲ ಅಂತ ಅನ್ನಿಸಬಹುದು. ಅದಕ್ಕೂ ನೂರು ವರ್ಷ ಹಳೆಯ ಉಪಾಯ ಇದೆ. 1918ರಲ್ಲಿ ರಾಬರ್ಟ್ ರಸೆಲ್ ಪೇಟೆಂಟ್ ಪಡೆದ ಸೌಂಡೆಕ್ಸ್ ಇಂಗ್ಲಿಷ್ ಹೆಸರಿನ ಮೊದಲ ಅಕ್ಷರವನ್ನು ಹಾಗೇ ಇಟ್ಟು, ಸ್ವರಗಳನ್ನು ಬಿಟ್ಟು, ಒಂದೇ ಥರ ಕೇಳುವ ವ್ಯಂಜನಗಳಿಗೆ ಒಂದೇ ಅಂಕಿ ಕೊಡುತ್ತದೆ. ಹೆಗ್ಡೆ ಅಂತ ಬರೆದರೂ ಹೆಗಡೆ ಅಂತ ಬರೆದರೂ ಸಿಗುವ ಸಂಕೇತ ಎಚ್230. ಶೆಟ್ಟಿ, ಸೆಟ್ಟಿ ಎರಡೂ ಎಸ್300. ಗೌಡ ಎಂಬುದನ್ನು ಎಷ್ಟು ಥರ ಬರೆದರೂ ಜಿ300. ಆದರೆ ಗೀತಾ ಕೂಡ ಜಿ300! ಇಂಥ ಕಡೆ ಯಂತ್ರ ಎಡವುತ್ತದೆ. ಈಗ ಇದಕ್ಕಿಂತ ಚುರುಕಾದ ವಿಧಾನಗಳು ಬಂದಿವೆ, ಆದರೂ ಎಡವುವುದು ನಿಂತಿಲ್ಲ. ಯಾರದೋ ಕೇಸು ಇನ್ಯಾರದೋ ಪುಟದಲ್ಲಿ ಸೇರಿಕೊಳ್ಳುವುದು ಹೀಗೇ.

ಹೆಸರೇ ಇಲ್ಲದಿದ್ದರೂ ಜೋಡಿಸಬಹುದು ಅಂತ ತೋರಿಸಿದವರು ಲಟಾನ್ಯಾ ಸ್ವೀನಿ. 1990ರ ದಶಕದಲ್ಲಿ ಮ್ಯಾಸಚೂಸೆಟ್ಸ್ ರಾಜ್ಯದ ನೌಕರರ ಆಸ್ಪತ್ರೆ ದಾಖಲೆಗಳನ್ನು ಹೆಸರು ತೆಗೆದು, ಆದರೆ ಹುಟ್ಟಿದ ದಿನಾಂಕ, ಲಿಂಗ, ಪಿನ್‌ಕೋಡ್ ಹಾಗೇ ಬಿಟ್ಟು ಸಂಶೋಧಕರಿಗೆ ಕೊಟ್ಟಿದ್ದರು. ಆಗ ವಿದ್ಯಾರ್ಥಿನಿಯಾಗಿದ್ದ ಸ್ವೀನಿ 20 ಡಾಲರ್ ಕೊಟ್ಟು ಕೇಂಬ್ರಿಡ್ಜ್ ಊರಿನ ಮತದಾರರ ಪಟ್ಟಿ ಕೊಂಡರು. ಗವರ್ನರ್ ವಿಲಿಯಂ ವೆಲ್ಡ್ ಅವರ ಹುಟ್ಟಿದ ದಿನವೇ ಹುಟ್ಟಿದವರು ಆ ಪಟ್ಟಿಯಲ್ಲಿ ಆರು ಜನ. ಅವರಲ್ಲಿ ಗಂಡಸರು ಮೂವರು. ಅದೇ ಪಿನ್‌ಕೋಡಿನವರು ಒಬ್ಬರೇ, ಗವರ್ನರ್. ಅಲ್ಲಿಗೆ ಅವರ ಆಸ್ಪತ್ರೆ ದಾಖಲೆ ಸಿಕ್ಕಿಬಿಟ್ಟಿತು. ಹುಟ್ಟಿದ ದಿನಾಂಕ, ಲಿಂಗ, ಪಿನ್‌ಕೋಡ್ ಈ ಮೂರೇ ಸಾಕು, ಅಮೆರಿಕದ 87% ಜನರನ್ನು ಗುರುತಿಸಬಹುದು ಅಂತ 2000ದಲ್ಲಿ ಅವರು ಲೆಕ್ಕ ಹಾಕಿದರು. 2006ರಲ್ಲಿ ಫಿಲಿಪ್ ಗೋಲ್ ಮತ್ತೆ ಲೆಕ್ಕ ಮಾಡಿದಾಗ ಅದು 63% ಅಂತ ಬಂತು. ಅದೂ ಕಡಿಮೆಯೇನಲ್ಲ.

ಎಚ್-1ಬಿ ವೀಸಾದಲ್ಲಿ ಇರುವವರು ಇದನ್ನು ಗಮನಿಸಬೇಕು. ಆ ವೀಸಾಕ್ಕಾಗಿ ಕಂಪನಿ ಸಲ್ಲಿಸುವ ಅರ್ಜಿಯ ವಿವರಗಳನ್ನು ಅಮೆರಿಕದ ಕಾರ್ಮಿಕ ಇಲಾಖೆ ಪ್ರಕಟಿಸುತ್ತದೆ: ಕಂಪನಿ, ಹುದ್ದೆ, ಕೆಲಸದ ಜಾಗ, ಸಂಬಳ. ಹೆಸರು ಇರುವುದಿಲ್ಲ. ಆದರೆ ಸಣ್ಣ ಕಂಪನಿಯಲ್ಲಿ ಆ ಹುದ್ದೆಯಲ್ಲಿ ನೀವೊಬ್ಬರೇ ಇದ್ದು, ಅದನ್ನು ಲಿಂಕ್ಡ್‌ಇನ್‌ನಲ್ಲಿ ಬರೆದಿದ್ದರೆ ನಿಮ್ಮ ಸಂಬಳ ಊಹಿಸಲು ಯಾರಿಗೂ ಕಷ್ಟವಿಲ್ಲ.

ಈಗ ಅಳಿಸುವ ವಿಷಯಕ್ಕೆ ಬರೋಣ. ನಿಮ್ಮ ಪುಟ ಅಂತ ಒಂದು ಕಡತವನ್ನು ಯಾರೋ ಕೂತು ಬರೆದಿಟ್ಟಿಲ್ಲ. ಹೊಸ ದಾಖಲೆಗಳು ಬಂದಾಗಲೆಲ್ಲ ಯಂತ್ರ ಜೋಡಣೆಯನ್ನು ಮತ್ತೆ ಮಾಡುತ್ತದೆ, ಪುಟ ಮತ್ತೆ ಹುಟ್ಟುತ್ತದೆ. ಆಪ್ಟ್-ಔಟ್ ಕೇಳಿದಾಗ ಸೈಟ್ ಸಾಮಾನ್ಯವಾಗಿ ಮಾಡುವುದು 'ಇವರನ್ನು ತೋರಿಸಬೇಡ' ಎಂಬ ಪಟ್ಟಿಗೆ ನಿಮ್ಮನ್ನು ಸೇರಿಸುವುದು. ಮುಂದಿನ ಸಲ ನೀವು ಮನೆ ಬದಲಿಸಿ, ಹೆಸರಿನ ಮಧ್ಯೆ ಇನಿಷಿಯಲ್ ಸೇರಿಕೊಂಡು ಬಂದರೆ ಯಂತ್ರಕ್ಕೆ ನೀವು ಹೊಸಬರು. ತಡೆಪಟ್ಟಿಯಲ್ಲಿರುವವರೂ ಇವರೂ ಒಬ್ಬರೇ ಅಂತ ಅದಕ್ಕೆ ಹೊಳೆಯುವುದಿಲ್ಲ. ಮೇಲೆ ಹೆಂಚು ಒಡೆದಿರುವಾಗ ಕೆಳಗೆ ನೆಲ ಒರೆಸಿದ ಹಾಗೆ.

ಇಷ್ಟೊಂದು ತಲೆಕೆಡಿಸಿಕೊಳ್ಳುವುದು ಯಾಕೆ ಅಂತ ಕೇಳುವವರಿಗೆ ಉತ್ತರ ಕೋರ್ಟ್ ದಾಖಲೆಗಳಲ್ಲಿದೆ. 1989ರಲ್ಲಿ ಕ್ಯಾಲಿಫೋರ್ನಿಯಾದ ಯುವ ನಟಿಯೊಬ್ಬಳ ವಿಳಾಸವನ್ನು ಹಿಂಬಾಲಕನೊಬ್ಬ ವಾಹನ ಇಲಾಖೆಯ ದಾಖಲೆಯಿಂದ, ಪತ್ತೇದಾರನ ಮೂಲಕ ತರಿಸಿಕೊಂಡು ಅವಳನ್ನು ಮನೆ ಬಾಗಿಲಲ್ಲೇ ಕೊಂದ. 1994ರಲ್ಲಿ ಅಮೆರಿಕ ವಾಹನ ಚಾಲಕರ ಮಾಹಿತಿ ಕಾಪಾಡುವ ಕಾನೂನು ತಂದಿತು. 1999ರಲ್ಲಿ ನ್ಯೂ ಹ್ಯಾಂಪ್‌ಶೈರ್‌ನಲ್ಲಿ ಇನ್ನೊಬ್ಬ ಯುವತಿಯ ಕೆಲಸದ ಜಾಗವನ್ನು ಕೊಲೆಗಾರ ಆನ್‌ಲೈನ್ ಕಂಪನಿಯಿಂದ ದುಡ್ಡು ಕೊಟ್ಟು ತಿಳಿದುಕೊಂಡ. ಮಾಹಿತಿ ಮಾರುವವರಿಗೂ ಎಚ್ಚರ ವಹಿಸುವ ಹೊಣೆ ಇದೆ ಅಂತ ಆ ರಾಜ್ಯದ ಸುಪ್ರೀಂ ಕೋರ್ಟ್ 2003ರಲ್ಲಿ ಹೇಳಿತು. 2020ರಲ್ಲಿ ನ್ಯೂಜೆರ್ಸಿಯ ನ್ಯಾಯಾಧೀಶೆಯ ಮನೆಗೇ ಬಂದು ಅವರ ಮಗನನ್ನು ಕೊಂದ ಮೇಲೆ, ನ್ಯಾಯಾಧೀಶರು ಮತ್ತು ಪೊಲೀಸರ ವಿಳಾಸ ತೆಗೆಸುವ ಡೇನಿಯಲ್ಸ್ ಲಾ ಬಂತು. ಒಂದೊಂದು ಕಾನೂನಿನ ಹಿಂದೆಯೂ ಒಂದೊಂದು ಸಾವು. ಇದು ನನಗೆ ಸಹಿಸಲು ಆಗುವುದಿಲ್ಲ. ಹೊಡೆಯುವ ಗಂಡನಿಂದ ಓಡಿ ಬೇರೆ ಊರಿನಲ್ಲಿ ಮನೆ ಮಾಡಿಕೊಂಡ ಹೆಣ್ಣುಮಗಳಿಗೆ ವಿಳಾಸ ಅಂದರೆ ಜೀವ. ಅಂಥವರಿಗಾಗಿ ಅಮೆರಿಕದ ಬಹುತೇಕ ರಾಜ್ಯಗಳಲ್ಲಿ ಬದಲಿ ವಿಳಾಸ ಕೊಡುವ ಸರ್ಕಾರಿ ಯೋಜನೆ ಇದೆ. ಇದನ್ನು ಮೊದಲು ಶುರು ಮಾಡಿದ್ದು 1991ರಲ್ಲಿ ವಾಷಿಂಗ್ಟನ್ ರಾಜ್ಯ. ಪರಿಚಯದವರಲ್ಲಿ ಯಾರಿಗಾದರೂ ಬೇಕಿದ್ದರೆ ದಯವಿಟ್ಟು ತಿಳಿಸಿ.

ಹಾಗಾದರೆ ಅಳಿಸುವುದು ಹೇಗೆ? ಮೊದಲು ಹೊಸ ಇಮೇಲ್ ಒಂದನ್ನು ಮಾಡಿಕೊಳ್ಳಿ, ಆಪ್ಟ್-ಔಟ್ ಕೆಲಸಕ್ಕೆ ಮಾತ್ರ ಬಳಸಿ. ನಿಮ್ಮ ಹೆಸರಿನ ಎಲ್ಲ ಸ್ಪೆಲಿಂಗ್, ಹಳೇ ವಿಳಾಸ, ಹಳೇ ನಂಬರ್ ಹಾಕಿ ಹುಡುಕಿ. ಒಂದೇ ಸೈಟಿನಲ್ಲಿ ನಿಮ್ಮದೇ ಎರಡು ಮೂರು ಪುಟ ಇರಬಹುದು, ಪ್ರತಿಯೊಂದಕ್ಕೂ ಬೇರೆ ಬೇರೆ ಕೇಳಬೇಕು. ಇಂಟೆಲಿಯಸ್, ಟ್ರೂತ್‌ಫೈಂಡರ್, ಇನ್‌ಸ್ಟಂಟ್ ಚೆಕ್‌ಮೇಟ್ ಒಂದೇ ಗುಂಪಿಗೆ ಸೇರಿದವು, ಒಂದೇ ಕಡೆ ಮುಗಿಯುತ್ತದೆ. ಗುರುತಿನ ಚೀಟಿಯ ಫೋಟೋ ಕೇಳಿದರೆ ಬೇರೆ ದಾರಿ ಇದೆಯಾ ನೋಡಿ. ಕೊಡಲೇಬೇಕಾದರೆ ನಂಬರ್ ಮರೆಮಾಡಿ ಕೊಡಿ. ವಿಳಾಸ ತೆಗೆಸಲು ಗೂಗಲ್‌ನವರು ಕೊಟ್ಟಿರುವ ಸೌಲಭ್ಯ ಬಳಸಿದರೆ ಹುಡುಕಾಟದಲ್ಲಿ ಮಾತ್ರ ಕಾಣುವುದಿಲ್ಲ, ಮೂಲ ಸೈಟಿನಲ್ಲಿ ಹಾಗೇ ಇರುತ್ತದೆ. ಇನ್ನೊಂದು ಮುಖ್ಯ ಮಾತು: ಮನೆಯವರೆಲ್ಲರದ್ದೂ ಒಟ್ಟಿಗೆ ಮಾಡಿ. ನಿಮ್ಮದು ಅಳಿಸಿದರೂ ಹೆಂಡತಿಯ ಪುಟದಲ್ಲಿ ಸಂಬಂಧಿಕರ ಸಾಲಿನಲ್ಲಿ ನೀವು ಇದ್ದರೆ ವಿಳಾಸ ಸಿಕ್ಕಿದ ಹಾಗೇ.

ದುಡ್ಡು ತೆಗೆದುಕೊಂಡು ಇದನ್ನು ಮಾಡಿಕೊಡುವ ಕಂಪನಿಗಳೂ ಇವೆ. ಕನ್ಸ್ಯೂಮರ್ ರಿಪೋರ್ಟ್ಸ್ ಸಂಸ್ಥೆ 2024ರಲ್ಲಿ ಅವನ್ನು ಪರೀಕ್ಷಿಸಿತು. ಕೈಯಾರೆ ಮಾಡಿದ ಆಪ್ಟ್-ಔಟ್‌ಗಳಲ್ಲಿ ಸುಮಾರು 70% ಫಲ ಕೊಟ್ಟವು, ಬಹಳಷ್ಟು ಕಂಪನಿಗಳು ಅದರ ಹತ್ತಿರಕ್ಕೂ ಬರಲಿಲ್ಲ. ಅದೇ ವರ್ಷ ಪತ್ರಕರ್ತ ಬ್ರಯಾನ್ ಕ್ರೆಬ್ಸ್ ಇನ್ನೊಂದು ವಿಷಯ ಹೊರತಂದರು. ಒನ್‌ರೆಪ್ ಎಂಬ ಅಳಿಸುವ ಕಂಪನಿ ಸ್ಥಾಪಿಸಿದವರೇ ಜನರನ್ನು ಹುಡುಕಿಕೊಡುವ ಸೈಟ್‌ಗಳನ್ನೂ ಹುಟ್ಟುಹಾಕಿದ್ದರು. ನನ್ನ ಸಲಹೆ, ಸಮಯ ಇದ್ದರೆ ನೀವೇ ಮಾಡಿ.

ಆದರೆ ಇದು ಒಬ್ಬೊಬ್ಬರ ತಲೆಗೆ ಕಟ್ಟುವ ಕೆಲಸವಲ್ಲ, ಆಗಬಾರದು. ಕ್ಯಾಲಿಫೋರ್ನಿಯಾ ಇದನ್ನು ಅರ್ಥ ಮಾಡಿಕೊಂಡಿದೆ. 2023ರ ಡಿಲೀಟ್ ಆಕ್ಟ್ ಪ್ರಕಾರ ಡ್ರಾಪ್ ಎಂಬ ಸರ್ಕಾರಿ ವೇದಿಕೆ 2026ರ ಜನವರಿ 1ರಂದು ತೆರೆಯಿತು. ಆ ರಾಜ್ಯದ ನಿವಾಸಿಗಳು ಅಲ್ಲಿ ಒಂದು ಅರ್ಜಿ ಕೊಟ್ಟರೆ ನೋಂದಾಯಿತ ಡೇಟಾ ಬ್ರೋಕರ್‌ಗಳಿಗೆಲ್ಲ, ಅಂದರೆ ಜನರ ಮಾಹಿತಿ ಮಾರುವ ಕಂಪನಿಗಳಿಗೆಲ್ಲ, ಅದು ಅನ್ವಯಿಸುತ್ತದೆ. ಖರ್ಚಿಲ್ಲ. 2026ರ ಆಗಸ್ಟ್ 1ರಿಂದ ಬ್ರೋಕರ್‌ಗಳು ಪ್ರತಿ 45 ದಿನಕ್ಕೊಮ್ಮೆ ಪಟ್ಟಿ ನೋಡಿ ಅಳಿಸುತ್ತಲೇ ಇರಬೇಕು, ತಪ್ಪಿದರೆ ಒಂದೊಂದು ಅರ್ಜಿಗೆ ದಿನಕ್ಕೆ 200 ಡಾಲರ್ ದಂಡ. ಪುಟ ಮತ್ತೆ ಮತ್ತೆ ಹುಟ್ಟುತ್ತದೆ ಅಂದಮೇಲೆ ಅಳಿಸುವುದೂ ಮತ್ತೆ ಮತ್ತೆ ಆಗಬೇಕು ತಾನೇ? ಫ್ರೀಮಾಂಟ್, ಸನಿವೇಲ್, ಸ್ಯಾನ್ ಹೋಸೆ ಕಡೆ ಇರುವ ಕನ್ನಡದವರು ಇದನ್ನು ಖಂಡಿತ ಬಳಸಿ. ಒಂದು ಕೊರತೆ ಇದೆ: ಮತದಾರರ ಪಟ್ಟಿ, ವಾಹನ ನೋಂದಣಿಯಂಥ ಬಹಿರಂಗ ದಾಖಲೆಗಳಿಗೆ ಇದು ಅನ್ವಯಿಸುವುದಿಲ್ಲ.

ನಮ್ಮಲ್ಲೂ ಪ್ರಶ್ನೆ ಅದೇ. ಭಾರತದ 2023ರ ಡೇಟಾ ಸಂರಕ್ಷಣೆ ಕಾಯ್ದೆ ಕೂಡ, ಕಾನೂನಿನ ಪ್ರಕಾರ ಬಹಿರಂಗ ಮಾಡಲೇಬೇಕಾದ ಮಾಹಿತಿಯನ್ನು ಹೊರಗಿಟ್ಟಿದೆ. ಆದರೆ ಬಹಿರಂಗ ಅಂದಮಾತ್ರಕ್ಕೆ ಯಂತ್ರದ ಬಾಯಿಗೆ ಸುಲಭವಾಗಿ ಇಡಬೇಕು ಅಂತೇನಿಲ್ಲ. ಚುನಾವಣಾ ಆಯೋಗ ಮತದಾರರ ಪಟ್ಟಿಯನ್ನು ಹುಡುಕಲು ಬರುವ ಅಕ್ಷರರೂಪದಲ್ಲಿ ಕೊಡದೆ ಚಿತ್ರರೂಪದ ಪಿಡಿಎಫ್ ಆಗಿ ಹಾಕಿತು, ಪಕ್ಷಗಳು ಪ್ರಶ್ನಿಸಿದಾಗ ಸುಪ್ರೀಂ ಕೋರ್ಟ್ 2018ರಲ್ಲಿ ಅದನ್ನು ಬದಲಿಸಲು ಹೇಳಲಿಲ್ಲ. ಓದುವವರಿಗೆ ಸಿಗುತ್ತದೆ, ಗುಡಿಸಿಕೊಂಡು ಹೋಗುವವರಿಗೆ ಕಷ್ಟ. 2017ರ ಜನವರಿಯಲ್ಲಿ ಕರ್ನಾಟಕ ಹೈಕೋರ್ಟ್ ಮಹಿಳೆಯೊಬ್ಬರ ಪ್ರಕರಣದಲ್ಲಿ ಇದೇ ದಾರಿ ಹಿಡಿಯಿತು. ಇಂಟರ್ನೆಟ್‌ನಲ್ಲಿ ಹುಡುಕಿದರೆ ಅವರ ಹೆಸರು ಆದೇಶದಲ್ಲಿ ಕಾಣದಂತೆ ಮಾಡಲು ಹೇಳಿತು, ಆದೇಶದ ದೃಢೀಕೃತ ಪ್ರತಿಯಲ್ಲಿ ಹೆಸರು ಹಾಗೇ ಉಳಿಯಿತು.

ಅಮೆರಿಕದಲ್ಲಿ ಸದ್ಯದಲ್ಲೇ ಮನೆ ಕೊಳ್ಳುವವರಿದ್ದರೆ ಕ್ರಯಪತ್ರಕ್ಕೆ ಸಹಿ ಹಾಕುವ ಮೊದಲೇ ವಕೀಲರನ್ನು ಕೇಳಿ. ಮನೆಯನ್ನು ಟ್ರಸ್ಟ್ ಹೆಸರಿನಲ್ಲಿ, ಅದೂ ನಿಮ್ಮ ಸರ್‌ನೇಮ್ ಇಲ್ಲದ ಟ್ರಸ್ಟ್ ಹೆಸರಿನಲ್ಲಿ ಕೊಳ್ಳಬಹುದಾ, ಸಾಲ ಕೊಡುವ ಬ್ಯಾಂಕ್ ಒಪ್ಪುತ್ತದಾ, ತೆರಿಗೆಗೆ ತೊಂದರೆ ಆಗುತ್ತದಾ ಅಂತ. ನಿಮ್ಮ ಹೆಸರಿನಲ್ಲಿ ಒಮ್ಮೆ ದಾಖಲಾದ ಕ್ರಯಪತ್ರವನ್ನು ಕೌಂಟಿ ಕಚೇರಿಯಿಂದ ವಾಪಸ್ ತೆಗೆಸಲು ಬರುವುದಿಲ್ಲ.